ಕೈಟಾರ್ಚಿನ ಬೆಳಕನ್ನು ದೂರಕ್ಕೆ ಹಾಯಿಸುವುದು ಹೇಗೆ

ಟಾರ್ಚ್ ಕೊಳ್ಳುವಾಗ ಎಲ್ಲರೂ ಕೇಳುವುದು ಎಷ್ಟು ಲ್ಯೂಮೆನ್, ಎಷ್ಟು ವಾಟ್ ಎಂದು. ದೂರ ಬೇಕಿದ್ದವರಿಗೆ ಈ ಎರಡೂ ಸಂಖ್ಯೆಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ಲ್ಯೂಮೆನ್ ಎಂದರೆ ಟಾರ್ಚಿನಿಂದ ಹೊರಬಿದ್ದ ಒಟ್ಟು ಬೆಳಕು. ಅಂಗಳದ ತುಂಬ ಚೆಲ್ಲಿಹೋದದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ದೂರವನ್ನು ನಿರ್ಧರಿಸುವುದು ಕ್ಯಾಂಡೆಲಾ, ಅಂದರೆ ಕಿರಣದ ನಡುಭಾಗದ ತೀವ್ರತೆ. ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಮೀಟರಿನಲ್ಲಿ ದೂರ ಸಿಗುತ್ತದೆ: 10,000 ಕ್ಯಾಂಡೆಲಾಕ್ಕೆ 200 ಮೀಟರ್, 40,000ಕ್ಕೆ 400 ಮೀಟರ್. ದೂರ ಇಮ್ಮಡಿಯಾಗಬೇಕಾದರೆ ತೀವ್ರತೆ ನಾಲ್ಕು ಪಟ್ಟಾಗಬೇಕು. ಡಬ್ಬಿಯ ಮೇಲೆ ಬರೆಯುವ ಈ ದೂರದಲ್ಲಿ ಬೀಳುವ ಬೆಳಕು ಕೇವಲ 0.25 ಲಕ್ಸ್, ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳಷ್ಟು. ಎದುರಿಗಿರುವುದು ದನವೋ ಪೊದೆಯೋ ಎಂದು ಸರಿಯಾಗಿ ಗುರುತಿಸಲು ಅದರ ಅರ್ಧ ದೂರವನ್ನೇ ನಂಬಿ.

ತೀವ್ರತೆ ಬರುವುದು ಎರಡು ಕಡೆಯಿಂದ: ಎಲ್‌ಇಡಿ ಚಿಪ್ಪಿನ ಪ್ರತಿ ಚದರ ಮಿಲಿಮೀಟರಿನ ಹೊಳಪು, ಮತ್ತು ರಿಫ್ಲೆಕ್ಟರಿನ ಬಾಯಿಯ ಅಗಲ. ಅಗಲ ಇಮ್ಮಡಿಯಾದರೆ ದೂರವೂ ಇಮ್ಮಡಿ. ಆದರೆ ಜೇಬಿಗೆ ಹಿಡಿಯುವ 24 ಮಿ.ಮೀ. ದಪ್ಪದ ಟಾರ್ಚಿನಲ್ಲಿ ಅಗಲ ಹೆಚ್ಚಿಸಲು ಜಾಗವಿಲ್ಲ. ಈ ಎರಡರಲ್ಲಿ ಬದಲಿಸಬಹುದಾದದ್ದು ಎಲ್‌ಇಡಿ ಒಂದೇ. ಅದನ್ನು ಬದಲಿಸಿದ ಮೇಲೆ ಫೋಕಸ್ ಕೂರಿಸಲು ತಾಳ್ಮೆ ಬೇಕು. ಹೆಚ್ಚಿನವರು ಕರೆಂಟ್ ಏರಿಸಲು ಹಣ ಸುರಿದು, ಫೋಕಸ್‌ಗೆ ಹತ್ತು ನಿಮಿಷವನ್ನೂ ಕೊಡುವುದಿಲ್ಲ. ದೂರ ಕಳೆದುಹೋಗುವುದು ಅಲ್ಲೇ.

ಒಂದೇ 18650 ಸೆಲ್ (ರೀಚಾರ್ಜ್ ಮಾಡುವ ಲಿಥಿಯಂ ಸೆಲ್) ಹಾಕುವ, ಕಾನ್‌ವಾಯ್ ಎಸ್2 ಪ್ಲಸ್ ಮಾದರಿಯ ಟಾರ್ಚನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇಂಥ ಟಾರ್ಚುಗಳಲ್ಲಿ ಹಲವು ವರ್ಷ ಬಂದದ್ದು ಕ್ರೀ ಕಂಪನಿಯ ಎಕ್ಸ್‌ಎಂ-ಎಲ್2. ಅದರ ಚಿಪ್ ದೊಡ್ಡದು, ಮೇಲೊಂದು ಸಿಲಿಕೋನ್ ಗುಮ್ಮಟ. ಗುಮ್ಮಟ ಭೂತಗನ್ನಡಿಯಂತೆ ಚಿಪ್ಪನ್ನು ಇನ್ನಷ್ಟು ದೊಡ್ಡದಾಗಿ ತೋರಿಸುವುದರಿಂದ ಕಿರಣ ಹರಡಿಕೊಳ್ಳುತ್ತದೆ. ಹಿಂದೆ ಬ್ಲೇಡಿನಿಂದ ಗುಮ್ಮಟವನ್ನು ಕತ್ತರಿಸಿ ತೆಗೆಯುತ್ತಿದ್ದರು. ಚಿಪ್ಪಿಗೆ ಕರೆಂಟ್ ಒಯ್ಯುವ ಚಿನ್ನದ ಎಳೆ ಕಿತ್ತು ಎಷ್ಟೋ ಎಲ್‌ಇಡಿ ಹಾಳಾದವು. ಈಗ ಆ ಕಷ್ಟ ಬೇಡ. ಓಸ್ರಾಮ್ ಕಂಪನಿಯ ಕೆಡಬ್ಲ್ಯು ಸಿಎಸ್‌ಎಲ್‌ಎನ್‌ಎಂ1.ಟಿಜಿಗೆ ಗುಮ್ಮಟವೇ ಇಲ್ಲ, ಚಿಪ್ 1 ಚದರ ಮಿ.ಮೀ. ಮಾತ್ರ. ಹವ್ಯಾಸಿಗಳ ಬಾಯಲ್ಲಿ ಇದು ಡಬ್ಲ್ಯು1. ಒಟ್ಟು ಬೆಳಕು ಹಳೆಯದಕ್ಕಿಂತ ಕಡಿಮೆಯಾಗುತ್ತದೆ, ದೂರ ಜಾಸ್ತಿಯಾಗುತ್ತದೆ.

ಬಿಡಿ ಎಲ್‌ಇಡಿ ಕೊಳ್ಳಬೇಡಿ. 16 ಮಿ.ಮೀ. ತಾಮ್ರದ ತಟ್ಟೆಯ ಮೇಲೆ ಬೆಸುಗೆ ಹಾಕಿಯೇ ಬರುವುದನ್ನು ತರಿಸಿ, ಎಲ್‌ಇಡಿಯ ಬೆನ್ನು ನೇರವಾಗಿ ತಾಮ್ರಕ್ಕೆ ತಾಗುವ ಬಗೆಯದೇ ಎಂದು ನೋಡಿಕೊಳ್ಳಿ. ಅಲ್ಯೂಮಿನಿಯಂ ತಟ್ಟೆಯಲ್ಲಿ ನಡುವೆ ಇನ್ಸುಲೇಶನ್ ಪದರ ಇರುವುದರಿಂದ ಬಿಸಿ ಬೇಗ ಇಳಿಯುವುದಿಲ್ಲ. ಜೊತೆಗೆ 3 ಮಿ.ಮೀ. ಚೌಕದ ಎಲ್‌ಇಡಿಗೆ ಹೊಂದುವ, ಅದನ್ನು ರಿಫ್ಲೆಕ್ಟರಿನ ನಡುವಿನಲ್ಲಿ ಹಿಡಿಯುವ ಪ್ಲಾಸ್ಟಿಕ್ ನಡುರಿಂಗು, ಥರ್ಮಲ್ ಪೇಸ್ಟ್, 22 ಗೇಜಿನ ಸಿಲಿಕೋನ್ ತಂತಿ, ಕ್ಯಾಪ್ಟಾನ್ ಟೇಪು (ಬಿಸಿ ತಾಳುವ, ಕರೆಂಟ್ ಹಾಯದ ಟೇಪು), 63/37 (ತವರ-ಸೀಸದ) ಸೋಲ್ಡರ್, 60 ವಾಟಿನ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್ ಬೇಕು. ಎಲ್‌ಇಡಿ, ರಿಂಗು ಬಿಟ್ಟು ಉಳಿದದ್ದು ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಸಿಗುತ್ತದೆ.

ಡ್ರೈವರ್, ಅಂದರೆ ಎಲ್‌ಇಡಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಬಿಲ್ಲೆ, ಯಾವುದಿದೆ ನೋಡಿ. 7135 ಚಿಪ್ಪುಗಳಿರುವ 17 ಮಿ.ಮೀ. ಡ್ರೈವರ್ ಆದರೆ ಲೆಕ್ಕ ಸುಲಭ: ಒಂದೊಂದು ಚಿಪ್ 350 ಮಿಲಿಆಂಪಿಯರ್ ಬಿಡುತ್ತದೆ, ಎಂಟಿದ್ದರೆ 2.8 ಆಂಪಿಯರ್. ತಯಾರಕರು ಡಬ್ಲ್ಯು1ಗೆ ಕೊಟ್ಟ ಗರಿಷ್ಠ ಮಿತಿ 1.5 ಆಂಪಿಯರ್. ತಾಮ್ರದ ತಟ್ಟೆ ಇದ್ದರೆ 3 ಆಂಪಿಯರಿನವರೆಗೂ ತಾಳುತ್ತದೆಂದು ಹವ್ಯಾಸಿಗಳು ಓಡಿಸುತ್ತಾರೆ, ಆದರೆ ಆಯುಸ್ಸು ಕಡಿಮೆಯಾಗುತ್ತದೆ. ಚಿಕ್ಕ ಟಾರ್ಚಿಗೆ ಆರು ಚಿಪ್, 2.1 ಆಂಪಿಯರ್ ಸಾಕು. ತೀವ್ರತೆ ಕಾಲುಭಾಗ ಇಳಿದರೂ ದೂರ ಇಳಿಯುವುದು ಶೇ 13ರಷ್ಟೇ, ಬಿಸಿಯಂತೂ ಕಾಲುಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಕೆಲವು ಡ್ರೈವರ್‌ಗಳಲ್ಲಿ ಮಂದ ಬೆಳಕಿಗೆಂದೇ ಒಂದು ಚಿಪ್ ಬೇರೆ ಇರುತ್ತದೆ. ಅದನ್ನು ಬಿಟ್ಟು ಉಳಿದವುಗಳಲ್ಲಿ ಎರಡನ್ನು ಬಿಚ್ಚಿ. ಕರೆಂಟಿಗೆ ಮಿತಿಯೇ ಇಲ್ಲದ ಫೆಟ್ ಡ್ರೈವರ್ ಮಾತ್ರ ಇದಕ್ಕೆ ಆಗದು. ತುಂಬಿದ ಒಳ್ಳೆಯ ಸೆಲ್ ಹಾಕಿದ ಗಳಿಗೆಯಲ್ಲೇ ಎಲ್‌ಇಡಿಯ ಚಿಪ್ ಸುಟ್ಟುಹೋಗಬಹುದು.

ಈಗ ಬಿಚ್ಚುವುದು. ಮೊದಲು ಸೆಲ್ ಹೊರಗೆ. ಮುಂದಿನ ಬಳೆಯನ್ನು ತಿರುಗಿಸಿ ತೆಗೆದು ಗಾಜು, ರಬ್ಬರ್ ರಿಂಗು, ರಿಫ್ಲೆಕ್ಟರ್ ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಬಳೆ ಅಂಟಿಕೊಂಡಿದ್ದರೆ ಟಾರ್ಚಿನ ತಲೆಯನ್ನು ಬಿಸಿನೀರಿನಲ್ಲಿ ಒಂದೆರಡು ನಿಮಿಷ ಹಿಡಿದು, ಒರೆಸಿ, ಸೈಕಲ್ ಟ್ಯೂಬಿನ ತುಂಡು ಸುತ್ತಿ ತಿರುಗಿಸಿ. ಪ್ಲಯರ್ ಬಳಸಿದರೆ ಬಳೆ ಮೊಟ್ಟೆಯಾಕಾರಕ್ಕೆ ಹಿಸುಕಿಹೋಗುತ್ತದೆ. ರಿಫ್ಲೆಕ್ಟರಿನ ಒಳಮೈಗೆ ಬೆರಳು, ಬಟ್ಟೆ ಯಾವುದೂ ತಾಗಬಾರದು. ಆ ಲೇಪನ ಒರೆಸಿದಷ್ಟೂ ಕಿತ್ತುಬರುತ್ತದೆ. ಧೂಳಿದ್ದರೆ ಗಾಳಿಯ ಬುರುಡೆಯಿಂದ ಊದಿ ಬಿಡಿ, ಬಾಯಿಂದ ಊದಿದರೆ ಉಗುಳಿನ ಹನಿ ಬೀಳುತ್ತದೆ. ಒಳಮೈ ಕಿತ್ತಳೆ ಸಿಪ್ಪೆಯಂತೆ ತರಿತರಿಯಾಗಿದ್ದರೆ ಅದೇ ಅಳತೆಯ ನುಣುಪು ರಿಫ್ಲೆಕ್ಟರ್ ತನ್ನಿ. ತರಿ ಇರುವುದೇ ಕಿರಣವನ್ನು ಹರಡಲು.

ಹಳೆಯ ತಟ್ಟೆಯ ತಂತಿಗಳನ್ನು ಬಿಡಿಸಿ, ಕೆಳಗಿನ ಹಳೆ ಪೇಸ್ಟನ್ನು ಸ್ಪಿರಿಟ್ಟಿನಿಂದ ಒರೆಸಿ. ಹೊಸ ತಟ್ಟೆಯ ಎರಡು ಕಣ್ಣುಗಳಿಗೂ (ತಂತಿ ಬೆಸೆಯುವ ಜಾಗ) ಟಾರ್ಚಿನ ಹೊರಗೇ ಸೋಲ್ಡರ್ ಬಳಿದುಕೊಳ್ಳಬೇಕು. ಒಳಗೆ ಕೂರಿಸಿದ ಮೇಲೆ ಲೋಹದ ಮೈ ಐರನ್ನಿನ ಬಿಸಿಯನ್ನೆಲ್ಲ ಕುಡಿದು, ಸೋಲ್ಡರ್ ಹರಳುಗಟ್ಟಿ ಬೆಸುಗೆ ಸಡಿಲಾಗುತ್ತದೆ. ತಂತಿ ಮಲಗಿಸಿ ಬೆಸೆಯಿರಿ, ಗುಡ್ಡೆ ಎತ್ತರವಾಗದಿರಲಿ. ಮೀಟರನ್ನು ಡಯೋಡ್ ಗುರುತಿಗಿಟ್ಟು ತಂತಿಗಳಿಗೆ ತಾಗಿಸಿದರೆ ಎಲ್‌ಇಡಿ ಸಣ್ಣಗೆ ಮಿನುಗಬೇಕು. ಮಿನುಗದಿದ್ದರೆ ಮೀಟರಿನ ಕಡ್ಡಿಗಳನ್ನು ಅದಲುಬದಲು ಮಾಡಿ ನೋಡಿ. ಪ್ಲಸ್ ಕಣ್ಣಿಗೂ ತಟ್ಟೆಯ ಲೋಹಕ್ಕೂ ಸಂಪರ್ಕ ಇರಕೂಡದು.

ಥರ್ಮಲ್ ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು. ತಟ್ಟೆಯನ್ನು ಅಂಚಿನಲ್ಲಿ ಒತ್ತಿ ಅತ್ತಿತ್ತ ತಿರುಗಿಸಿದರೆ ಪೇಸ್ಟ್ ತೆಳ್ಳಗೆ ಹರಡುತ್ತದೆ. ಎಲ್‌ಇಡಿಯ ಮೇಲೆ ಬೆರಳಿಡಬೇಡಿ. ತಟ್ಟೆಯನ್ನು ಒತ್ತಿ ಹಿಡಿಯುವುದು ರಿಫ್ಲೆಕ್ಟರೇ. ಹಾಗಾಗಿ ಬಳೆ ಸಡಿಲಾಗಿದ್ದರೆ ಎಲ್‌ಇಡಿ ಬಿಸಿಯೇರುತ್ತದೆ. ರಿಫ್ಲೆಕ್ಟರ್ ಅಲ್ಯೂಮಿನಿಯಂ, ಅದರ ಬುಡ ಬೆಸುಗೆಗಳಿಗೆ ತಾಗಿದರೆ ಶಾರ್ಟ್. ಬೆಸುಗೆಗಳ ಮೇಲೆ ಕ್ಯಾಪ್ಟಾನ್ ಟೇಪಿನ ತುಂಡು ಅಂಟಿಸಿ. ಜೋಡಿಸಿದ ಮೇಲೆ ಟಾರ್ಚ್ ಹತ್ತದಿದ್ದರೆ ಹೆಚ್ಚಿನ ಸಲ ಕಾರಣ ಇದೇ ಆಗಿರುತ್ತದೆ.

ಫೋಕಸ್ ನೋಡಲು ಹತ್ತಿರದ ಗೋಡೆ ಸಾಲದು. ಕನಿಷ್ಠ 5 ಮೀಟರ್, ಸಾಧ್ಯವಾದರೆ 10 ಮೀಟರ್ ದೂರದ ಬಿಳಿ ಗೋಡೆಗೆ ಮಂದ ಬೆಳಕು ಬಿಡಿ. ನಡುಚುಕ್ಕೆ ಚಿಕ್ಕದಾಗಿ, ಅಂಚು ಸ್ಪಷ್ಟವಾಗಿ ಇರಬೇಕು. ನಡುವೆ ಕಪ್ಪು ಕುಳಿ ಬಿದ್ದು ಉದ್ದಿನವಡೆಯಂತೆ ಕಂಡರೆ ಎಲ್‌ಇಡಿ ನಾಭಿಬಿಂದುವಿಗಿಂತ ಮೇಲೋ ಕೆಳಗೋ ಇದೆ. ಯಾವುದೆಂದು ತಿಳಿಯಲು ಬಳೆಯನ್ನು ಅರ್ಧ ಸುತ್ತು ಸಡಿಲಿಸಿ ರಿಫ್ಲೆಕ್ಟರನ್ನು ತುಸು ಮೇಲೆ ಬರಲು ಬಿಡಿ. ಕುಳಿ ಮುಚ್ಚಿದರೆ ರಿಂಗಿನ ಕೆಳಗೆ ಟೇಪಿನ ಒಂದೊಂದೇ ಪದರ ಸೇರಿಸಿ. ಇನ್ನಷ್ಟು ಅಗಲವಾದರೆ ರಿಂಗನ್ನು 600 ನಂಬರಿನ ಉಜ್ಜುಕಾಗದದ ಮೇಲೆ ಸವೆಸಿ. ಒಂದು ಸಲಕ್ಕೆ 0.1 ಮಿ.ಮೀ. ಮೀರಬೇಡಿ, ಚಿಕ್ಕ ಚಿಪ್ಪಿಗೆ ಅಷ್ಟೇ ವ್ಯತ್ಯಾಸವೂ ಗೋಡೆಯ ಮೇಲೆ ಕಾಣುತ್ತದೆ. ಚುಕ್ಕೆ ಒಂದು ಪಕ್ಕಕ್ಕೆ ಬಾಲ ಬಿಟ್ಟರೆ ಎತ್ತರ ಸರಿ, ಎಲ್‌ಇಡಿ ನಡುವಿನಲ್ಲಿಲ್ಲ. ರಿಂಗು ಸಡಿಲ ಎಂದರ್ಥ.

ಫಲಿತಾಂಶ ಅಳೆಯಲು ಫೋನಿನ ಲಕ್ಸ್ ಆ್ಯಪ್ ಸಾಕು, ಕೆಲಸಕ್ಕೆ ಮೊದಲೂ ನಂತರವೂ ಅದೇ ಫೋನು, ಅದೇ ದೂರ ಇದ್ದರೆ. 5 ಮೀಟರಿನಲ್ಲಿ ಬಂದ ಲಕ್ಸನ್ನು 25ರಿಂದ ಗುಣಿಸಿದರೆ ಕ್ಯಾಂಡೆಲಾ. ಸಂಖ್ಯೆ ಒಂದೇ ಕಡೆ ಅಂಟಿಕೊಂಡರೆ ಫೋನಿನ ಮಿತಿ ಮುಟ್ಟಿದೆ ಎಂದು ಇನ್ನಷ್ಟು ಹಿಂದೆ ಸರಿಯಿರಿ. 10 ಮೀಟರಿಗೆ 100ರಿಂದ ಗುಣಿಸಬೇಕು.

ಹಿಂಬದಿಯ ಸ್ಪ್ರಿಂಗಿನ ಎರಡು ತುದಿಗೆ ಸಿಲಿಕೋನ್ ತಂತಿಯ ತುಂಡು ಬೆಸೆದರೆ ಸೆಲ್ ಇಳಿದಾಗ ಬೆಳಕು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಸಾದಾ ಗಾಜಿನ ಎರಡು ಮೈಗಳಲ್ಲಿ ಶೇ 8ರಷ್ಟು ಬೆಳಕು ಹಿಂದಿರುಗುತ್ತದೆ. ಲೇಪನದ ಗಾಜು ಹಾಕಿದರೆ ಅದರ ಬಹುಪಾಲು ಉಳಿಯುತ್ತದೆ.

ಟಾರ್ಚ್ ಉರಿಯುವಾಗ ಬೆಳಕು ನೀಲಿಗೆ ತಿರುಗಿದರೆ ತಕ್ಷಣ ಆರಿಸಿ. ಚಿಪ್ ಮಿತಿಮೀರಿ ಕಾದಿದೆ: ಒಂದೋ ಪೇಸ್ಟ್ ತಾಗಿಲ್ಲ, ಇಲ್ಲವೇ ಕರೆಂಟ್ ಜಾಸ್ತಿ. ಸೆಲ್ಲಿನ ಮೇಲೆ 9900 ಎಂಎಎಚ್ ಎಂದಿದ್ದರೆ ಅದು ನಕಲಿ. ಒಳ್ಳೆಯ 18650 ಸಹ 3500ರ ಆಸುಪಾಸಿನದು. ಉರಿಯುವಾಗಲೂ 3 ವೋಲ್ಟಿಗಿಂತ ಕೆಳಗಿಳಿಸಬೇಡಿ, ಹೊದಿಕೆ ಹರಿದ ಸೆಲ್ ಹಾಕಬೇಡಿ. ರಸ್ತೆಯಲ್ಲಿ ಬರುವವರ ಕಣ್ಣಿಗೆ ಈ ಕಿರಣ ಬಿಡಬಾರದು.

ರಾತ್ರಿ ಮೂರು ಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ ನೋಡಲು ತೋಟಕ್ಕೆ ಹೋಗುವವರು ಇದೊಂದನ್ನೇ ಹಿಡಿದು ಹೋಗುವುದು ಬೇಡ. ಬದುವಿನಾಚೆಯ ತೆಂಗಿನ ಸುಳಿ ಕಾಣುತ್ತದೆ, ಕಾಲಬುಡದ ಹಾವು ಕಾಣುವುದಿಲ್ಲ. ಹಣೆಗೆ ಕಟ್ಟುವ, ಬೆಳಕು ಹರಡುವ ಇನ್ನೊಂದು ಟಾರ್ಚ್ ಜೊತೆಗಿರಲಿ.