ಹೊಸ ನೀರು ಬರುವ ಮುನ್ನ ಹರಿಗೋಲನ್ನು ಸಜ್ಜುಗೊಳಿಸುವುದು ಹೇಗೆ?

ಕೊಡಗು ಮತ್ತು ವಯನಾಡಿನಲ್ಲಿ ಮುಂಗಾರು ಹಿಡಿದು, ಕೆ.ಆರ್.ಎಸ್. ಮತ್ತು ಕಬಿನಿ ಜಲಾಶಯಗಳು ತುಂಬಿ, ಹೆಚ್ಚುವರಿ ನೀರು ತಮಿಳುನಾಡಿನ ಗಡಿಯ ಬಿಳಿಗುಂಡ್ಲು ದಾಟಿ ಹೊಗೇನಕಲ್ ಕಡೆಗೆ ಇಳಿಯುವ ಹೊತ್ತಿಗೆ ಸಾಮಾನ್ಯವಾಗಿ ಜುಲೈ ತಿಂಗಳಾಗಿರುತ್ತದೆ. ಧರ್ಮಪುರಿ, ಸೇಲಂ ಮತ್ತು ಈರೋಡು ಜಿಲ್ಲೆಗಳ ಕಾವೇರಿ ದಂಡೆಯಲ್ಲಿ, ಪಾಲಾರ್ ಹೊಳೆ ಕಾವೇರಿಯನ್ನು ಕೂಡುವ ಗಡಿಯ ಆಸುಪಾಸಿನಲ್ಲಿ, ಕನ್ನಡ ಮಾತಾಡುವ ಮೀನುಗಾರ ಕುಟುಂಬಗಳಿಗೆ ಅದಕ್ಕೆ ಮುಂಚಿನ ಎರಡು ತಿಂಗಳು ಹರಿಗೋಲಿನ ಕೆಲಸದ ಕಾಲ. ತಮಿಳಿನಲ್ಲಿ ಪರಿಸಲ್ ಎಂದೂ ಕಾವೇರಿ ಕಡೆಯ ಕನ್ನಡದಲ್ಲಿ ತೆಪ್ಪ ಎಂದೂ ಕರೆಸಿಕೊಳ್ಳುವ ಈ ದುಂಡು ದೋಣಿಗೆ ಕೀಲಿಲ್ಲ, ಮೊಳೆಯಿಲ್ಲ, ಹಲಗೆಯಿಲ್ಲ. ಬಿದಿರಿನ ದಬ್ಬೆಗಳ ಹೆಣಿಗೆ, ಅದರ ಮೇಲೊಂದು ಹೊದಿಕೆ, ಹೊದಿಕೆಯ ಮೇಲೆ ಟಾರು, ಇಷ್ಟೇ ಅದರ ಮೈಕಟ್ಟು. ಇಷ್ಟು ಸರಳವಾಗಿರುವುದರಿಂದಲೇ ಅದರ ರಿಪೇರಿಯನ್ನು ಹಗುರವಾಗಿ ಕಾಣುವವರು ಹೆಚ್ಚು. ವರ್ಷಕ್ಕೊಮ್ಮೆ ಹಳೆಯ ಟಾರಿನ ಮೇಲೆ ಹೊಸ ಟಾರು ಬಳಿದು ನೀರಿಗೆ ಇಳಿಸಿದರೆ ಸಾಕು ಎಂಬ ಅಭ್ಯಾಸ ಹಲವು ಕಡೆ ಬೇರೂರಿದೆ. ಅದು ರಿಪೇರಿಯಲ್ಲ. ಒಳಗಿನ ಬಿದಿರು ಕೊಳೆತಿದೆಯೇ, ಕುಟ್ಟೆ ಹಿಡಿದಿದೆಯೇ ಎಂಬುದನ್ನು ನೋಡದೆ ಮೇಲಿನ ಚರ್ಮವನ್ನಷ್ಟೇ ಕಪ್ಪಾಗಿಸಿದರೆ, ತುಂಬು ಹೊಳೆಯ ನಡುವೆ ಬಲೆ ಎಳೆಯುವಾಗ ತಳ ಕೈಕೊಡುತ್ತದೆ.

ಬೇಸಿಗೆಯನ್ನು ಆರಿಸಿಕೊಳ್ಳುವುದಕ್ಕೆ ಗಟ್ಟಿಯಾದ ಕಾರಣಗಳಿವೆ. ಹೊಗೇನಕಲ್‌ನಿಂದ ಕೆಳಗೆ, 1934ರಲ್ಲಿ ಕಟ್ಟಿ ಮುಗಿದ ಮೆಟ್ಟೂರು ಅಣೆಕಟ್ಟೆಯ ಪೂರ್ಣ ಮಟ್ಟ 120 ಅಡಿ. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಂತೆ ಪಣ್ಣವಾಡಿಯ ಬಳಿ ಮುಳುಗಿದ್ದ ಹಳೆಯ ನಂದಿ ವಿಗ್ರಹ ಮತ್ತು ಚರ್ಚಿನ ಗೋಪುರ ನೀರಿನ ಮೇಲೆ ತಲೆ ಎತ್ತುತ್ತವೆ. ಆ ಹೊತ್ತಿಗೆ ದಡದಲ್ಲಿ ವಿಶಾಲವಾದ ಒಣ ನೆಲ ಸಿಗುತ್ತದೆ, ಬಿದಿರು ಚೆನ್ನಾಗಿ ಆರುತ್ತದೆ, ಟಾರು ಸಲೀಸಾಗಿ ಹರಡುತ್ತದೆ. ಮಳೆ ಶುರುವಾದ ಮೇಲೆ ಹಸಿ ಬಿದಿರಿನ ಮೇಲೆ ಹೊದಿಕೆ ಹಾಕಿದರೆ ತೇವ ಒಳಗೇ ಉಳಿದು, ಮುಂದಿನ ಬೇಸಿಗೆಯೊಳಗೆ ದಬ್ಬೆಗಳು ಕಪ್ಪಾಗಿ ಮೆತ್ತಗಾಗುತ್ತವೆ.

ಮೊದಲು ಸಿಪ್ಪೆ ಬಿಚ್ಚಿ ಹಂದರ ನೋಡಿ

ಹರಿಗೋಲನ್ನು ನೀರಿನಿಂದ ಎತ್ತಿ, ಕೆಸರು ಮತ್ತು ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಮರದ ನೆರಳಿನಲ್ಲಿ ನಾಲ್ಕು ಕಲ್ಲುಗಳ ಮೇಲೆ ಬೋರಲು ಹಾಕಿ ಒಂದು ವಾರ ಆರಲು ಬಿಡಬೇಕು. ನೆಲಕ್ಕೆ ತಾಗಿಸಿ ಇಟ್ಟರೆ ಗೆದ್ದಲು ಹತ್ತುತ್ತದೆ. ನೇರ ಬಿಸಿಲಿಗಿಟ್ಟರೆ ಟಾರು ಕರಗಿ ಇಳಿಯುತ್ತದೆ. ಆರಿದ ಮೇಲೆ ಅಂಚಿನ ಹೊಲಿಗೆಯನ್ನು ಕತ್ತರಿಸಿ ಹೊದಿಕೆಯನ್ನು ಪೂರ್ತಿ ಕಳಚುವುದು ಒಳ್ಳೆಯದು. ಪ್ರತಿ ವರ್ಷ ಇದು ಆಗದಿದ್ದರೆ ಎರಡು ವರ್ಷಕ್ಕೊಮ್ಮೆಯಾದರೂ ಮಾಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊದಿಕೆ ಹೋದ ಮೇಲೆ ಉಳಿಯುವುದು ಬುಟ್ಟಿಯಂಥ ಹಂದರ. ನಡುವಿನಿಂದ ಹೊರಟು ಒಂದರ ಮೇಲೊಂದು ಹಾದುಹೋಗುವ ದಬ್ಬೆಗಳು ತಳವಾಗಿ, ಅವೇ ಮೇಲಕ್ಕೆ ಬಾಗಿ ಪಕ್ಕೆಗಳಾಗಿ, ಕೊನೆಗೆ ತೆಳುವಾದ ಸೀಳುಗಳಿಂದ ಒತ್ತಾಗಿ ಹೆಣೆದ ಅಂಚಿನಲ್ಲಿ ಸೇರಿಕೊಂಡಿರುತ್ತವೆ. ಪರೀಕ್ಷೆಯನ್ನು ತಳದ ನಡುವಿನಿಂದ ಆರಂಭಿಸಿ ಹೊರಕ್ಕೆ ಬರಬೇಕು, ಏಕೆಂದರೆ ಒಳಗೆ ನಿಂತ ನೀರು ಸೇರುವುದೂ ಕಾಲಿನ ಭಾರ ಬೀಳುವುದೂ ಅಲ್ಲಿಯೇ. ಮಚ್ಚಿನ ಹಿಡಿಯಿಂದ ಪ್ರತಿ ದಬ್ಬೆಯನ್ನು ಮೆಲ್ಲಗೆ ಬಡಿಯಿರಿ: ಗಟ್ಟಿ ಬಿದಿರು ಟಣ್ಣನೆ ಸದ್ದು ಕೊಡುತ್ತದೆ, ಕೊಳೆತದ್ದು ಮಂದವಾಗಿ ಕೇಳುತ್ತದೆ. ಬಡಿದ ಕೂಡಲೇ ಸಣ್ಣ ತೂತುಗಳಿಂದ ಹಿಟ್ಟಿನಂಥ ಹಳದಿ ಪುಡಿ ಉದುರಿದರೆ ಕುಟ್ಟೆ ಹುಳು ಒಳಗಿದೆ ಎಂದರ್ಥ. ಆ ದಬ್ಬೆಯನ್ನು ಉಳಿಸಿಕೊಳ್ಳಬಾರದು, ಪಕ್ಕದ ಎರಡನ್ನೂ ಅನುಮಾನದಿಂದಲೇ ನೋಡಬೇಕು. ಗೆಣ್ಣಿನ ಬಳಿ ಉಗುರು ಒತ್ತಿದರೆ ಅಚ್ಚು ಬೀಳುವಷ್ಟು ಮೆತ್ತಗಾಗಿದ್ದರೂ ಅಷ್ಟೆ. ಬದಲಿಸಬೇಕಾದ ದಬ್ಬೆಗಳಿಗೆ ಸುಣ್ಣದಿಂದ ಗುರುತು ಹಾಕಿ ಎಣಿಸಿಕೊಳ್ಳಿ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಗುರುತುಗಳು ಬಿದ್ದರೆ ತೇಪೆಯ ಯೋಚನೆ ಬಿಟ್ಟು ಹೊಸ ಹಂದರ ಹೆಣೆಸುವುದೇ ಕ್ಷೇಮ.

ಬಿದಿರಿನ ಆಯ್ಕೆಗೆ ಇನ್ನಷ್ಟು ಗಮನ ಬೇಕು. ಎಳೆಯ ಬಿದಿರು ಬಾಗಲು ಸುಲಭವಾದರೂ ಬೇಗ ಸುಕ್ಕುತ್ತದೆ. ಮೂರು ನಾಲ್ಕು ವರ್ಷ ಬಲಿತ ಗಳುಗಳು ಈ ಕೆಲಸಕ್ಕೆ ಸರಿ. ಬಿದಿರಿನಲ್ಲಿರುವ ಪಿಷ್ಟವೇ ಕುಟ್ಟೆ ಹುಳುವಿಗೆ ಆಹಾರವಾದ್ದರಿಂದ, ಹೊಸ ಕಳಲೆ ಹೊರಡುವ ಮಳೆಗಾಲದಲ್ಲಿ ಕಡಿಯದೆ ಒಣ ಕಾಲದಲ್ಲಿ ಕಡಿದು, ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಪಿಷ್ಟ ಕಡಿಮೆಯಾಗುತ್ತದೆ. ನದಿಯ ಈ ಭಾಗದ ಹಲವು ಕಾಡುಗಳು ಕಾವೇರಿ ಉತ್ತರ ಮತ್ತು ಕಾವೇರಿ ದಕ್ಷಿಣ ವನ್ಯಜೀವಿ ಧಾಮಗಳಿಗೆ ಸೇರಿರುವುದರಿಂದ ಅಲ್ಲಿ ಬಿದಿರು ಕಡಿಯುವುದು ಅಪರಾಧ. 2017ರಲ್ಲಿ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರದ ಪಟ್ಟಿಯಿಂದ ತೆಗೆಯಲಾಗಿದೆ. ಆದ್ದರಿಂದ ರೈತರ ಹೊಲದ ಬದುವಿನ ಮೆಳೆಯಿಂದ ಕೊಳ್ಳುವುದು ನೇರವಾದ ದಾರಿ.

ಕಡಿದ ಗಳುವನ್ನು ಒಂದು ಇಂಚು ಅಗಲದ ದಬ್ಬೆಗಳಾಗಿ ಸೀಳಿ, ಒಳಬದಿಯ ಗೆಣ್ಣಿನ ಉಬ್ಬನ್ನು ಕೆತ್ತಿ ನಯಗೊಳಿಸಬೇಕು. ಹಸಿರು ಸಿಪ್ಪೆಯ ಬದಿ ಹೊರಕ್ಕೇ ಇರಬೇಕು ಎಂಬುದನ್ನು ಹೆಣೆಯುವವರು ಮೊದಲ ಪಾಠವಾಗಿ ಹೇಳಿಕೊಡುತ್ತಾರೆ. ದಬ್ಬೆ ಬಾಗಿದಾಗ ಹೊರಮೈ ಎಳೆತಕ್ಕೆ ಸಿಗುತ್ತದೆ, ಬಿದಿರಿನ ಗಟ್ಟಿ ನಾರುಗಳು ದಟ್ಟವಾಗಿರುವುದು ಸಿಪ್ಪೆಗೆ ಹತ್ತಿರದಲ್ಲಿ. ತಿರುಗಿಸಿ ಹಾಕಿದರೆ ಬಾಗಿನಲ್ಲಿ ಸಿಬಿರೆದ್ದು ಮುರಿಯುತ್ತದೆ. ಕೆಟ್ಟ ದಬ್ಬೆಯನ್ನು ಎಳೆದು ತೆಗೆದ ಜಾಗದಲ್ಲೇ ಹೊಸದನ್ನು ಅದೇ ಮೇಲೆ ಕೆಳಗಿನ ಕ್ರಮದಲ್ಲಿ ನುಗ್ಗಿಸಿ, ತುಂಡು ಜೋಡಿಸುವುದಾದರೆ ಎರಡು ತುದಿಗಳೂ ಕನಿಷ್ಠ ನಾಲ್ಕು ಅಡ್ಡ ದಬ್ಬೆಗಳನ್ನು ದಾಟಿ ಹೋಗುವಂತೆ ಜೊತೆಗೂಡಿಸಬೇಕು. ಬಾಗುವ ಭಾಗವನ್ನು ಮುನ್ನಾ ರಾತ್ರಿ ನೆನೆಸಿದ್ದರೆ ಕೈಗೆ ಮಾತು ಕೇಳುತ್ತದೆ. ಮನೆಯಲ್ಲಿ ಕೈ ಪಳಗಿದವರಿಲ್ಲದಿದ್ದರೆ ಈ ಒಂದು ಕೆಲಸವನ್ನು ಮೇದರ ಕೈಗೆ ಒಪ್ಪಿಸಿ. ಅವರ ಒಂದು ದಿನದ ಕೂಲಿ ಹಲವು ವರ್ಷದ ಹರಿಗೋಲನ್ನು ಉಳಿಸುತ್ತದೆ.

ಅಂಚನ್ನು ಬಿಗಿಗೊಳಿಸುವಾಗ ಕಬ್ಬಿಣದ ತಂತಿ ಬಳಸಬೇಡಿ. ತಂತಿ ತುಕ್ಕು ಹಿಡಿದು ಬಿದಿರನ್ನು ಕೊಯ್ಯುತ್ತದೆ, ಅದರ ತುದಿಗಳಿಗೆ ಬಲೆ ಸಿಕ್ಕಿ ಹರಿಯುತ್ತದೆ. ನೈಲಾನ್ ಹುರಿಯಿಂದ ಗೇಣಿಗೊಂದರಂತೆ ಸುತ್ತಿ, ಗಂಟುಗಳನ್ನು ಒಳಬದಿಗೆ ತಿರುಗಿಸಿದರೆ ಸಾಕು.

ಹೊದಿಕೆ ಮತ್ತು ಟಾರು

ಹಿಂದೆ ಹರಿಗೋಲಿಗೆ ಚರ್ಮ ಹೊದಿಸುತ್ತಿದ್ದರು. ಒದ್ದೆಯಾದರೆ ಅದು ಭಾರವಾಗುತ್ತಿತ್ತು, ಆಗಾಗ ಒಣಗಿಸದಿದ್ದರೆ ಕೊಳೆಯುತ್ತಿತ್ತು. ಈಗ ರಸಗೊಬ್ಬರ ತುಂಬಿ ಬರುವ ಪ್ಲಾಸ್ಟಿಕ್ ಚೀಲಗಳೋ ದಪ್ಪ ಪ್ಲಾಸ್ಟಿಕ್ ಹಾಳೆಯೋ ಆ ಜಾಗಕ್ಕೆ ಬಂದಿವೆ. ಚೀಲಗಳನ್ನು ಗೊಬ್ಬರದ ಪುಡಿ ಉಳಿಯದಂತೆ ತೊಳೆದು ಒಣಗಿಸಿ, ಹೊಲಿಗೆ ಬಿಚ್ಚಿ ಹಾಸಿ, ಒಂದರ ಅಂಚು ಇನ್ನೊಂದರ ಮೇಲೆ ನಾಲ್ಕು ಬೆರಳು ಕೂರುವಂತೆ ದಬ್ಬಳದಿಂದ ಹೊಲಿಯಬೇಕು. ಎರಡು ಪದರ ಹಾಕುವುದು ಉತ್ತಮ. ಕೆಳಪದರದ ಹೊಲಿಗೆಯ ಮೇಲೆ ಮೇಲ್ಪದರದ ಹೊಲಿಗೆ ಬರದಂತೆ ನೋಡಿಕೊಳ್ಳಿ. ಬೋರಲು ಹಾಕಿದ ಹಂದರದ ಮೇಲೆ ಅದನ್ನು ಸುಕ್ಕಿಲ್ಲದಂತೆ ಎಳೆದು ಹೊದಿಸಿ, ಅಂಚಿಗೆ ಒಳಗಿನಿಂದ ಹೊಲಿದು ಬಿಗಿಯಬೇಕು. ಹೊದಿಸುವ ಮೊದಲು ಹಂದರದ ಹೊರಮೈಯನ್ನು ಅಂಗೈಯಿಂದ ಸವರಿ, ಚುಚ್ಚುವ ಸಿಬಿರುಗಳನ್ನೆಲ್ಲ ಕೆತ್ತಿ ತೆಗೆಯಿರಿ.

ಟಾರಿನ ವಿಷಯದಲ್ಲಿ ಎರಡು ಬಗೆಯ ಮಾಲು ಸಿಗುತ್ತದೆ. ರಸ್ತೆಗೆ ಹಾಕುವ ಸಾಮಾನ್ಯ ಟಾರು 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುವುದರಿಂದ ಬಿಸಿಲಿನಲ್ಲಿ ಅಂಟಂಟಾಗುತ್ತದೆ. 85/25 ಎಂಬ ಗುರುತಿನ ಗಟ್ಟಿ ಟಾರು 85 ಡಿಗ್ರಿಯವರೆಗೆ ತಡೆಯುತ್ತದೆ, ಆದರೆ ಅದನ್ನು ಬಳಿಯುವಷ್ಟು ತೆಳುವಾಗಿಸಲು ಬಹಳ ಹೆಚ್ಚು ಕಾಯಿಸಬೇಕು. ಪ್ಲಾಸ್ಟಿಕ್ ಚೀಲದ ನೂಲು ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ. ಹಾಗಾಗಿ ಗಟ್ಟಿ ಟಾರು ಗೋಣಿತಟ್ಟಿನ ಹೊದಿಕೆಗೆ ಹೊಂದುತ್ತದೆ, ಪ್ಲಾಸ್ಟಿಕ್ ಚೀಲಕ್ಕೆ ರಸ್ತೆಯ ಟಾರೇ ಸರಿ. ಕಾಯಿಸಿದ ಟಾರನ್ನು ನೇರವಾಗಿ ದೋಣಿಗೆ ಬಳಿಯದೆ, ಉಳಿದ ಚೀಲದ ತುಂಡಿನ ಮೇಲೆ ಒಂದು ಸೌಟು ಹಾಕಿ ನೋಡಬೇಕು. ತುಂಡು ಸುರುಟಿಕೊಂಡರೆ ಇನ್ನೂ ಆರಬೇಕು. ಸುರುಟದೆ, ಕಡ್ಡಿಯಿಂದ ಎಳೆದಾಗ ತೆಳುವಾಗಿ ಹರಡಿದರೆ ಅದೇ ಹದ.

ಕಾಯಿಸುವ ಕೆಲಸದಲ್ಲಿ ಜೀವಕ್ಕೆ ಅಪಾಯವಿದೆ ಎಂಬುದನ್ನು ಒತ್ತಿ ಹೇಳಬೇಕು. ಡಬ್ಬದಲ್ಲಿ ನೀರಿನ ಪಸೆ ಇದ್ದರೂ ಬಿಸಿ ಟಾರು ನೊರೆಯುಕ್ಕಿ ಹೊರಚೆಲ್ಲುತ್ತದೆ, ಆದ್ದರಿಂದ ಪಾತ್ರೆ ಪೂರ್ತಿ ಒಣಗಿರಬೇಕು ಮತ್ತು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಗುಡಿಸಲು, ಹುಲ್ಲಿನ ಬಣವೆ, ಬಲೆಗಳಿಂದ ದೂರದಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ. ಟಾರಿಗೆ ಬೆಂಕಿ ಹತ್ತಿದರೆ ಯಾವ ಕಾರಣಕ್ಕೂ ನೀರು ಎರಚದೆ, ಪಕ್ಕದಲ್ಲೇ ಇಟ್ಟುಕೊಂಡ ತಗಡನ್ನು ಮುಚ್ಚಿ ಅಥವಾ ಒಣ ಮರಳು ಸುರಿದು ಆರಿಸಬೇಕು. ಮೈಮೇಲೆ ಬಿದ್ದರೆ ಕಿತ್ತು ತೆಗೆಯಲು ಹೋಗಬೇಡಿ, ಚರ್ಮವೂ ಜೊತೆಗೆ ಬರುತ್ತದೆ; ಕನಿಷ್ಠ 20 ನಿಮಿಷ ತಣ್ಣೀರು ಸುರಿದು ಆಸ್ಪತ್ರೆಗೆ ಕರೆದೊಯ್ಯಿರಿ. ಮಕ್ಕಳನ್ನು ಆ ಹತ್ತಿರ ಬಿಡಲೇಬಾರದು.

ಬಳಿಯುವಾಗ ಒಂದೇ ದಪ್ಪ ಪದರಕ್ಕಿಂತ ಎರಡು ತೆಳು ಪದರಗಳು ಲೇಸು, ಏಕೆಂದರೆ ಹರಿಗೋಲು ನೀರಿನಲ್ಲಿ ಸದಾ ಸ್ವಲ್ಪ ಬಳುಕುತ್ತದೆ ಮತ್ತು ದಪ್ಪ ಟಾರು ಆ ಬಳುಕಿಗೆ ಬಿರಿಯುತ್ತದೆ. ಹೊಲಿಗೆಗಳ ಮೇಲೆ ಮೊದಲು ಒತ್ತಿ ತುಂಬಿ, ಆಮೇಲೆ ಉಳಿದ ಮೈಗೆ ಬನ್ನಿ. ಎರಡನೆಯ ಪದರ ಆರುವ ಮುಂಚೆ ಜರಡಿ ಹಿಡಿದ ಬೂದಿ ಉದುರಿಸಿದರೆ ಅಂಟು ಕಡಿಮೆಯಾಗುತ್ತದೆ.

ನೀರಿನ ಪರೀಕ್ಷೆ, ಭಾರದ ಲೆಕ್ಕ

ಎರಡು ದಿನ ಆರಿದ ಮೇಲೆ ಮೊಣಕಾಲುದ್ದದ ನಿಂತ ನೀರಿನಲ್ಲಿ ತೇಲಿಸಿ, ಒಳಗೆ ಇಬ್ಬರು ಆಳುಗಳ ತೂಕದಷ್ಟು ಮರಳಿನ ಚೀಲಗಳನ್ನು ಹರಡಿ ರಾತ್ರಿಯಿಡೀ ಬಿಡಬೇಕು. ಬೆಳಗ್ಗೆ ತೇವ ಕಂಡ ಕಡೆಯಲ್ಲೆಲ್ಲ ಒಳಗಿನಿಂದ ಸುಣ್ಣದ ಗುರುತು ಹಾಕಿ, ದಡಕ್ಕೆ ತಂದು ಒಣಗಿಸಿ, ಅದರ ಹೊರಬದಿಗೆ ಚೀಲದ ತೇಪೆ ಮತ್ತು ಟಾರು ಕೂರಿಸಬೇಕು. ಇದೇ ಪರೀಕ್ಷೆಯಲ್ಲಿ ದೋಣಿ ಒಂದು ಕಡೆಗೆ ವಾಲುತ್ತದೆಯೇ ಎಂಬುದೂ ತಿಳಿಯುತ್ತದೆ.

ಆರು ಅಡಿ ಅಗಲದ, ಸಪಾಟು ತಳದ ಹರಿಗೋಲು ಒಂದು ಇಂಚು ಮುಳುಗಲು ಸುಮಾರು 65 ಕಿಲೊ ಭಾರ ಬೇಕು. ಅಂದರೆ ಒಬ್ಬ ಆಳು ಹತ್ತಿದರೆ ಒಂದು ಇಂಚು ಇಳಿಯುತ್ತದೆ. ತಳ ದುಂಡಗಿದ್ದರೆ ಇನ್ನೂ ಹೆಚ್ಚು ಇಳಿಯುತ್ತದೆ. ಒದ್ದೆ ಬಲೆ ಮತ್ತು ಹಿಡಿದ ಮೀನಿನ ತೂಕವನ್ನು ಬಹಳ ಮಂದಿ ಲೆಕ್ಕಕ್ಕೆ ಸೇರಿಸುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಬಲೆ ಎಳೆಯುವಾಗ ಇಬ್ಬರೂ ಒಂದೇ ಅಂಚಿಗೆ ಬಾಗುತ್ತಾರೆ. ಆಗ ಆ ಬದಿಯ ಅಂಚು ನೀರಿನಿಂದ ಒಂದು ಗೇಣಾದರೂ ಮೇಲಿರಬೇಕು. ಮರಳಿನ ಚೀಲಗಳನ್ನೆಲ್ಲ ಒಂದು ಪಕ್ಕಕ್ಕೆ ಸರಿಸಿ ಇದನ್ನು ದಡದ ಬಳಿಯೇ ಅಳೆದು ನೋಡಿ, ಅಂಚಿನ ಒಳಗೆ ಬಣ್ಣದ ಗೆರೆ ಎಳೆದುಕೊಂಡರೆ ಋತುವಿಡೀ ಅನುಕೂಲ.

ಹುಟ್ಟಿನ ಅಲಗಿನಲ್ಲಿ ಬಿರುಕಿದ್ದರೆ ಹುರಿ ಸುತ್ತಿ ಮುಂದೂಡದೆ ಬದಲಿಸಿ, ಏಕೆಂದರೆ ಹರಿಗೋಲಿಗೆ ಇರುವುದು ಒಂದೇ ಹುಟ್ಟು. ಅದು ಮುರಿದರೆ ದೋಣಿ ಬುಗುರಿಯಂತೆ ತಿರುಗುತ್ತಾ ಹರಿವಿನ ಪಾಲಾಗುತ್ತದೆ. ಇನ್ನೊಂದು ಹುಟ್ಟನ್ನು ಒಳಗೆ ಕಟ್ಟಿಯೇ ಇಟ್ಟಿರಿ. ತಲೆಗೊಂದು ಲೈಫ್ ಜಾಕೆಟ್, ಹತ್ತು ಮಾರು ಹಗ್ಗ, ನೀರು ಎತ್ತಿಹಾಕಲು ಒಂದು ಡಬ್ಬ ಇರಲಿ.

ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನು ಈ ಬಿಡುವಿನಲ್ಲೇ ಮಾಡಿಸಿಕೊಳ್ಳಿ. ಬಲೆಗಳಲ್ಲಿ ಕಣ್ಣು ಕಿರಿದಾದವನ್ನು ಪಕ್ಕಕ್ಕಿಡಿ. ಕಟ್ಲಾ, ರೋಹು ಮೊಟ್ಟೆಯಿಡುವುದು ಮುಂಗಾರಿನಲ್ಲಿಯೇ. ಆಗ ಮರಿಗಳನ್ನು ಬಾಚಿದರೆ ಮುಂದಿನ ವರ್ಷ ಹರಿಗೋಲು ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಕಾವೇರಿಯ ಗೂನುಬೆನ್ನಿನ ಮಹಶೀರ್ 2018ರಿಂದ ಅಳಿವಿನ ತೀವ್ರ ಅಪಾಯದಲ್ಲಿರುವ ಮೀನುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಅದು ಬಲೆಗೆ ಸಿಕ್ಕರೆ ನೀರಿನಲ್ಲಿರುವಾಗಲೇ ಬಿಡಿಸಿ ಬಿಡುವಂತೆ ಜೊತೆಯವರಿಗೂ ಹೇಳಿ.

ಹೊಸ ನೀರು ಬಂದ ದಿನವೇ ಇಳಿಯುವುದು ಸರಿಯಲ್ಲ. ಕೇಂದ್ರ ಜಲ ಆಯೋಗ ಬಿಳಿಗುಂಡ್ಲುವಿನಲ್ಲಿ ಅಳೆಯುವ ಒಳಹರಿವು ಸುದ್ದಿಯಲ್ಲಿ ಬರುತ್ತಿರುತ್ತದೆ, ಹರಿವು ಹೆಚ್ಚಾದಾಗ ಹೊಗೇನಕಲ್‌ನಲ್ಲಿ ಜಿಲ್ಲಾಡಳಿತ ಹರಿಗೋಲುಗಳನ್ನು ನಿಷೇಧಿಸುತ್ತದೆ. ಅಂಕಿ ಸತತವಾಗಿ ಇಳಿದು, ನಿಷೇಧ ತೆರವಾಗಿ, ತೇಲಿಬರುವ ಮರದ ದಿಮ್ಮಿಗಳು ನಿಂತ ಮೇಲೆ, ಮೊದಲ ದಿನ ಬಲೆಯಿಲ್ಲದೆ ದಡದ ಪಕ್ಕದಲ್ಲೇ ಒಂದು ಸುತ್ತು ಹೋಗಿ ಬನ್ನಿ. ಮರಳಿ ಬಂದ ಕೂಡಲೇ ದೋಣಿಯನ್ನು ಬೋರಲು ಹಾಕಿ ತಳವನ್ನು ಕೈಯಿಂದ ಸವರಿ ನೋಡಿ, ಕಲ್ಲು ತಾಗಿ ಟಾರು ಎದ್ದಿದ್ದರೆ ಅಂದೇ ತೇಪೆ ಹಾಕಿ. ಋತುವಿನುದ್ದಕ್ಕೂ ಪ್ರತಿ ಸಂಜೆ ಹೀಗೆಯೇ ನೀರು ಬಸಿದು, ನೆರಳಿನಲ್ಲಿ ಕಲ್ಲುಗಳ ಮೇಲೆ ಬೋರಲು ಇಡಬೇಕು.