ಹೊಸ ಬ್ಯಾಟ್ರಿ ಹಾಕಿದ್ರೂ ಹತ್ತದ ಕಾರು, ಬಿಸಿಯಾಗ್ತಿದ್ದ ಆಕ್ಸಿಲರೇಟರ್ ಕೇಬಲ್

ನಮ್ಮನೇಲಿರೋದು 2003ರ ಮಾರುತಿ 800, ಎಂಪಿಎಫ್ಐ (ಕಾರ್ಬ್ಯುರೇಟರ್ ಬದ್ಲು ಪೆಟ್ರೋಲ್ ಇಂಜೆಕ್ಷನ್ ಇರೋದು). ಕೆಎ 18 ನಂಬರು, ಅಪ್ಪ ತಗೊಂಡಿದ್ದು. 15 ವರ್ಷ ಆದ್ಮೇಲೆ ಎಫ್‌ಸಿ ಮಾಡ್ಸಿ 5 ವರ್ಷಕ್ಕೆ ರಿನೀವಲ್, ಅದು ಮುಗಿದ್ಮೇಲೆ ಇನ್ನೊಂದ್ಸಲ, ಹಂಗೇ ಓಡ್ತಿದೆ. ಬಣಕಲ್ ಹತ್ರ ತೋಟ, ಕಾರು ನಿಲ್ಲೋದು ಕೊಟ್ಟಿಗೆ ಪಕ್ಕದ ಶೀಟಿನ ಶೆಡ್ಡಲ್ಲಿ, ಅದಕ್ಕೆ ಗೋಡೆ ಅಂತ ಇರೋದು ಒಂದೇ ಕಡೆ. ಚಾರ್ಮಾಡಿ ಕಡೆಯಿಂದ ಬೀಸೋ ಮಳೆ ಗೊತ್ತಲ್ಲ, ಮೇಲಿಂದ ಬೀಳಲ್ಲ, ಅಡ್ಡ ಹೊಡೆಯುತ್ತೆ.

ಹೋದ ವರ್ಷ ಆರಿದ್ರೆ ಮಳೆ ಹಿಡ್ಕೊಂಡಾಗ ಶುರುವಾಯ್ತು. ಬೆಳಿಗ್ಗೆ ಕೀ ತಿರುಗಿಸಿದ್ರೆ ಗೊರ್… ಗೊರ್… ಅಂತ ಎತ್ತಿನ ಗಾಡಿ ಥರ ತಿರುಗೋದು, ಮೂರ್ನಾಲ್ಕು ಸಲಕ್ಕೆ ಹತ್ತೋದು. ಬ್ಯಾಟ್ರಿ ಹಳೇದಾಯ್ತು ಅಂತ ನಾನೇ ತೀರ್ಮಾನ ಮಾಡಿ ಮೂಡಿಗೆರೆಗೆ ಹೋಗಿ ಹಳೇದನ್ನ ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ಹಾಕಿಸ್ಕೊಂಡು ಬಂದೆ. ಒಂದು ವಾರ ಚೆನ್ನಾಗಿತ್ತು. ಮತ್ತೆ ಅದೇ ಗೊರ್ ಗೊರ್. ಹಂಗಾದ್ರೆ ಸ್ಟಾರ್ಟರ್ ಮೋಟ್ರು ಅಂತ ಅದನ್ನ ಬಿಚ್ಚಿ ಬ್ರಶ್ ಬದಲಾಯಿಸಿ ಮತ್ತೆ ಕೂರಿಸ್ದೆ, ನಾಲ್ಕು ದಿನ ಚೆನ್ನಾಗಿತ್ತು, ಐದನೇ ದಿನ ಮತ್ತೆ ಅದೇ. ಪ್ರತಿಸಲ ಏನೋ ಮಾಡಿದ್ಮೇಲೆ ಸ್ವಲ್ಪ ದಿನ ಸರಿ ಇರ್ತಿತ್ತಲ್ಲ, ಅದೇ ದೊಡ್ಡ ಸುಳಿವು ಅಂತ ಆವಾಗ ತಲೆಗೆ ಹೋಗ್ಲಿಲ್ಲ. ಎರಡು ಸಲಾನೂ ನಾನು ಬ್ಯಾಟ್ರಿ ಟರ್ಮಿನಲ್ ಬಿಚ್ಚಿದ್ದೆ, ವೈರುಗಳನ್ನ ಅಲ್ಲಾಡಿಸಿದ್ದೆ.

ಆಮೇಲೊಂದಿನ ಸ್ಟಾರ್ಟ್ ಮಾಡಕ್ಕೆ ಒದ್ದಾಡ್ತಿದ್ದಾಗ ಅಮ್ಮ ಅಡುಗೆಮನೆ ಬಾಗಿಲಿಂದ, "ಎಂಥಾ ಸುಟ್ಟ ವಾಸನೆ ಮಾರಾಯ, ಒಲೆ ಮೇಲೆ ನಾನೇನೂ ಇಟ್ಟಿಲ್ಲ" ಅಂದ್ರು. ಬಾನೆಟ್ ಎತ್ತಿದ್ರೆ ಹೊಗೆ ಏನೂ ಕಾಣ್ಲಿಲ್ಲ. ಅಕ್ಕನ ಮಗ ರಜೆಗೆ ಬಂದಿದ್ದ, ಐಟಿಐ ಓದ್ತಿದ್ದಾನೆ, ಅವನು ಸುಮ್ನೆ ಅಲ್ಲಿ ಇಲ್ಲಿ ಕೈ ಇಡ್ತಾ "ಮಾವ, ಈ ಕೇಬಲ್ ಯಾಕೆ ಇಷ್ಟು ಬಿಸಿ ಇದೆ?" ಅಂತ ಕೇಳ್ದ. ಅದು ಆಕ್ಸಿಲರೇಟರ್ ಕೇಬಲ್! ಇಂಜಿನ್ನೇ ಇನ್ನೂ ಹತ್ತಿಲ್ಲ, ತಣ್ಣಗಿದೆ, ಈ ಕೇಬಲ್ ಮಾತ್ರ ಕಾವಲಿ ಥರ ಕಾದಿತ್ತು, ಮೇಲಿನ ಪ್ಲಾಸ್ಟಿಕ್ ಒಂದು ಕಡೆ ಮೆತ್ತಗಾಗಿತ್ತು.

ಇದು ಯಾಕೆ ಹಂಗಾಗುತ್ತೆ ಅಂದ್ರೆ, ಸ್ಟಾರ್ಟರ್ ಮೋಟ್ರಿಗೆ ಹೋಗೋ ಕರೆಂಟು ಚಿಕ್ಕ ಇಂಜಿನ್ ಆದ್ರೂ ನೂರು ಆಂಪಿಯರ್ ಆಸುಪಾಸು. ಹೋಗಿದ್ದು ವಾಪಸ್ ಬ್ಯಾಟ್ರಿ ನೆಗೆಟಿವ್‌ಗೆ ಬರ್ಲೇಬೇಕು. ನಮ್ಮ ಕಾರಲ್ಲಿ ನೆಗೆಟಿವ್ ಇಂದ ಒಂದು ದಪ್ಪ ವೈರು ಗೇರ್‌ಬಾಕ್ಸ್‌ಗೆ ಹೋಗುತ್ತೆ, ಇನ್ನೊಂದು ಸಣ್ಣದು ಕಾರಿನ ತಗಡಿನ ಬಾಡಿಗೆ. ಗೇರ್‌ಬಾಕ್ಸು, ಸ್ಟಾರ್ಟರ್ರು ಎರಡೂ ಇಂಜಿನ್ನಿಗೇ ಬೋಲ್ಟ್ ಆಗಿರೋದು, ಆ ಇಂಜಿನ್ನು ರಬ್ಬರ್ ಮೌಂಟಿಂಗ್ ಮೇಲೆ ಕೂತಿರೋದ್ರಿಂದ ಬಾಡಿಗೂ ಅದಕ್ಕೂ ಕರೆಂಟಿನ ಸಂಬಂಧ ಇರಲ್ಲ. ದಪ್ಪ ವೈರು ಕೆಟ್ರೆ ಕರೆಂಟು ಇಂಜಿನ್ನಿಂದ ಬಾಡಿಗೆ ಬರೋಕೆ ಯಾವ ಲೋಹ ಸಿಗುತ್ತೋ ಅದನ್ನ ಹಿಡ್ಕೊಳ್ಳುತ್ತೆ, ಆಕ್ಸಿಲರೇಟರ್ ಕೇಬಲ್ಲು, ಕ್ಲಚ್ ಕೇಬಲ್ಲು ಇಂಥವು. ಅದೇನು ಇಷ್ಟು ಕರೆಂಟಿಗೆ ಮಾಡಿದ್ದಾ, ಕಾಯುತ್ತೆ. ಕೇಬಲ್ ಕರಗಿ ಒಳಗೆ ಹಿಡ್ಕೊಂಡು ಆಕ್ಸಿಲರೇಟರ್ ಒತ್ತಿದ್ದು ವಾಪಸ್ ಬರದೇ ಇದ್ದಿದ್ರೆ, ಅದೂ ಘಾಟಿ ಇಳಿಯುವಾಗ, ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ ಅನ್ನುತ್ತೆ.

ಸರಿ, ದಪ್ಪ ವೈರು ನೋಡೋಣ ಅಂತ ಮಲ್ಟಿಮೀಟರ್ ಬೀಪ್ ಮೋಡಿಗಿಟ್ಟು ಎರಡು ತುದಿಗೆ ಹಿಡಿದ್ರೆ ಬೀಪ್ ಅಂತು. ವೈರು ಸರಿ ಇದೆ ಅಂತಾಯ್ತು. ಇಲ್ಲೇ ನಾನು ಅರ್ಧ ದಿನ ಹಾಳು ಮಾಡ್ಕೊಂಡಿದ್ದು. ಮೀಟರ್ ಕಳಿಸೋದು ಚೂರೇ ಚೂರು ಕರೆಂಟು, ಹತ್ತಾರು ಎಳೆಯಲ್ಲಿ ಒಂದೆಳೆ ಉಳಿದಿದ್ರೂ ಅದು ಬೀಪ್ ಅನ್ನುತ್ತೆ. ನೂರು ಆಂಪಿಯರ್ ಹೋಗುವಾಗ 0.02 ಓಮ್ ಅಂದ್ರೂ 2 ವೋಲ್ಟ್ ಅಲ್ಲೇ ಉಳ್ಕೊಳ್ಳುತ್ತೆ, ಅಷ್ಟು ಕಮ್ಮಿ ಓಮ್ ನಮ್ಮ ಮುನ್ನೂರು ರೂಪಾಯಿ ಮೀಟರಿಗೆ ಕಾಣೋದೇ ಇಲ್ಲ. ಅದಕ್ಕೆ ಲೋಡ್ ಕೊಟ್ಟೇ ನೋಡ್ಬೇಕು.

ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ ಹತ್ತದೇ ಬರೀ ತಿರುಗ್ಲಿ ಅಂತ ಫ್ಯೂಯಲ್ ಪಂಪ್ ಕನೆಕ್ಟರ್ ಬಿಚ್ಚಿದ್ವಿ (ಪೈಪಲ್ಲಿ ಉಳಿದಿದ್ದ ಪೆಟ್ರೋಲಿಗೆ ಒಂದ್ಸಲ ಹತ್ತಿ ಆರೋಯ್ತು). ಮೀಟರನ್ನ 20 ವೋಲ್ಟ್ ಡಿಸಿಗಿಟ್ಟು ಹುಡುಗನಿಗೆ ಕೀ ತಿರುಗ್ಸು ಅಂದೆ. ಬ್ಯಾಟ್ರಿ ಸುಮ್ನಿದ್ದಾಗ 12.6, ತಿರುಗುವಾಗ 11.4. ಬ್ಯಾಟ್ರಿ ಕೆಟ್ಟಿದ್ರೆ 9.6ಕ್ಕಿಂತ ಕೆಳಗೆ ಹೋಗ್ಬೇಕಿತ್ತು, ಅಂದ್ರೆ ಬ್ಯಾಟ್ರಿ ನಿರಪರಾಧಿ. ಬ್ಯಾಟ್ರಿ ಪಾಸಿಟಿವ್ ಮತ್ತೆ ಸ್ಟಾರ್ಟರ್ ಬೋಲ್ಟ್ ಮಧ್ಯೆ 0.3, ಪರವಾಗಿಲ್ಲ. ಕೊನೆಗೆ ಒಂದು ಕಡ್ಡಿ ಬ್ಯಾಟ್ರಿ ನೆಗೆಟಿವ್ ಮೇಲೆ, ಇನ್ನೊಂದು ಇಂಜಿನ್ ಬ್ಲಾಕಿನ ಮೇಲೆ. ಕೀ ತಿರುಗಿಸಿದ್ರೆ 3.1! ಇದು ಅರ್ಧ ವೋಲ್ಟ್ ದಾಟಬಾರ್ದು. ಹನ್ನೊಂದು ಚಿಲ್ಲರೆ ವೋಲ್ಟಲ್ಲಿ ಮೂರು ವೋಲ್ಟ್ ದಾರೀಲೇ ಸೋರಿಹೋದ್ರೆ ಮೋಟ್ರು ತಾನೇ ಏನು ಮಾಡುತ್ತೆ ಪಾಪ.

ಖಾತ್ರಿ ಮಾಡ್ಕೊಳ್ಳೋಣ ಅಂತ ಪಂಪ್ ಕನೆಕ್ಟರ್ ಮತ್ತೆ ಹಾಕಿ, ಜಂಪರ್ ಕೇಬಲಲ್ಲಿ (ಬೇರೆ ಕಾರಿನ ಬ್ಯಾಟ್ರಿಯಿಂದ ಕರೆಂಟ್ ತಗೊಳ್ಳೋ ದಪ್ಪ ವೈರಿನ ಜೋಡಿ) ಒಂದೇ ಒಂದನ್ನ ನೆಗೆಟಿವ್ ಇಂದ ನೇರ ಇಂಜಿನ್ನಿಗೆ ಕಚ್ಚಿಸ್ದೆ. ಕೀ ಮುಟ್ಟಿದ್ ತಕ್ಷಣ ಚರ್ ಅಂತ ಹತ್ತಿತು. ಮೀಟರ್ ಇಲ್ದೋರಿಗೆ ಈ ಒಂದು ಪರೀಕ್ಷೆ ಸಾಕು.

ಮೊದ್ಲು ನೆಗೆಟಿವ್ ಟರ್ಮಿನಲ್ ಬಿಚ್ಚಿ (10ರ ಸ್ಪ್ಯಾನರ್), ಆಮೇಲೆ ಗೇರ್‌ಬಾಕ್ಸ್ ಕಡೆ ಬೋಲ್ಟು. ಅದು ತುಕ್ಕಿಗೆ ಕಚ್ಕೊಂಡಿತ್ತು, ತುಕ್ಕಿನ ಸ್ಪ್ರೇ ಹೊಡೆದು ಕಾಫಿ ಕುಡ್ದು ಬಂದು ಬಿಚ್ಚಿದ್ದು. ಹೊರಗಿಂದ ವೈರು ಕಪ್ಪಗೆ ಚೆನ್ನಾಗೇ ಇತ್ತು. ಲಗ್ಗಿನ (ವೈರಿನ ತುದೀಲಿ ಬೋಲ್ಟಿಗೆ ಕೂರೋ ಲೋಹದ ಬಳೆ) ಹತ್ರ ಚಾಕೂಲಿ ಸೀಳಿದ್ರೆ ಒಳಗೆ ತಾಮ್ರದ ಬದ್ಲು ಹಸಿರು ಪುಡಿ, ಉದುರುತ್ತೆ. ನೀರು ಲಗ್ ಕಡೆಯಿಂದ ಒಳಗೆ ಏರಿ ಎಷ್ಟು ಮಳೆಗಾಲದಿಂದ ತಿಂತಿತ್ತೋ. 25 ಸ್ಕ್ವೇರ್ ಎಂಎಂ ವೆಲ್ಡಿಂಗ್ ಕೇಬಲ್ ಒಂದು ಮೀಟರ್, ತಾಮ್ರದ ಲಗ್ ಎರಡು ತಂದೆ. ಲಗ್ ಮಾತ್ರ ಸುತ್ತಿಗೇಲಿ ಬಡಿಬೇಡಿ, ನಾನು ಮೊದಲು ಬಡ್ದೆ, ಎಳೆದ್ರೆ ಕೈಗೇ ಬಂತು, ಆಮೇಲೆ ಪಂಪ್‌ಸೆಟ್ ರಿಪೇರಿಯವರ ಹತ್ರ ಹೋಗಿ ಕ್ರಿಂಪ್ ಮಾಡಿಸ್ದೆ (ಟೂಲಲ್ಲಿ ಒತ್ತಿ ಕಚ್ಚಿಸೋದು). ಬೋಲ್ಟ್ ಕೂರೋ ಜಾಗನ ಎಮರಿ ಪೇಪರಲ್ಲಿ ಬೆಳ್ಳಗಾಗೋ ತನಕ ಉಜ್ಜಿ, ಬಿಗಿ ಮಾಡಿದ್ಮೇಲೆ ಮೇಲೆ ವ್ಯಾಸಲೀನ್ ಮೆತ್ತಿದೆ. ಬಾಡಿಗೆ ಹೋಗೋ ಸಣ್ಣ ವೈರಿಗೂ ಅದೇ ಸೇವೆ ಆಯ್ತು.

ಈಗ ಇಂಜಿನ್ನಿಗೂ ನೆಗೆಟಿವ್‌ಗೂ ಮಧ್ಯೆ 0.15. ತಿರುಗುವಾಗ ಬ್ಯಾಟ್ರಿ 10.5ಕ್ಕೆ ಇಳಿಯುತ್ತೆ. ಹುಡುಗ ಗಾಬರಿಯಾದ, "ಮುಂಚೆಗಿಂತ ಕಮ್ಮಿ ಆಯ್ತಲ್ಲ ಮಾವ" ಅಂತ. ಆಗಲೇಬೇಕು, ಮುಂಚೆ ಮೋಟ್ರಿಗೆ ಪೂರ್ತಿ ಕರೆಂಟೇ ಸಿಗ್ತಿರ್ಲಿಲ್ಲ, ಬ್ಯಾಟ್ರಿಗೆ ಕೆಲ್ಸಾನೇ ಇರ್ಲಿಲ್ಲ.

ಆಕ್ಸಿಲರೇಟರ್ ಕೇಬಲ್ ಹೊಸದು ಹಾಕ್ದೆ, ಅದನ್ನ ಹಂಗೇ ಬಿಡೋ ಧೈರ್ಯ ಬರ್ಲಿಲ್ಲ. ವೈರು, ಲಗ್ಗು ಎಲ್ಲಾ ಸೇರಿ ಐನೂರು ರೂಪಾಯಿ ಆಗ್ಲಿಲ್ಲ. ಎಕ್ಸ್‌ಚೇಂಜಿಗೆ ಕೊಟ್ಟ ಹಳೇ ಬ್ಯಾಟ್ರಿ ಬಹುಶಃ ಇನ್ನೂ ಎರಡು ಮಳೆಗಾಲ ಬರ್ತಿತ್ತೇನೋ, ಆ ವಿಷಯ ಮನೇಲಿ ಇನ್ನೂ ಯಾರಿಗೂ ಹೇಳಿಲ್ಲ. ಸೀಳಿದ ವೈರನ್ನ ಹುಡುಗ ಕ್ಲಾಸಲ್ಲಿ ತೋರಿಸ್ತೀನಿ ಅಂತ ಬ್ಯಾಗಿಗೆ ಹಾಕ್ಕೊಂಡು ಹೋದ.