ಮುಳ್ಳನ್ನ ಮುಳ್ಳಿಂದ್ಲೇ: 25 ವ್ಯಾಟ್ ಸೋಲ್ಡರಿಂಗ್ ಐರನ್‌ನಲ್ಲಿ ಕೀಬೋರ್ಡಿನ ಎಲ್‌ಇಡಿ ಪೂರ್ತಿ ಬದಲಾಯಿಸಿದ ನನ್ನ ಅನುಭವ

ಇದು ಆಗಲ್ಲ ಅಂದೋರು ಜಾಸ್ತಿ ಇದ್ರು, ಅದಕ್ಕೇ ಬರೀತಿದೀನಿ. 87 ಕೀ ಟಿಕೆಎಲ್ (ನಂಬರ್ ಪ್ಯಾಡ್ ಇಲ್ಲದ) ಕೀಬೋರ್ಡು, ಪ್ಲೇಟ್ ಮೌಂಟ್ (ಸ್ವಿಚ್ಚುಗಳನ್ನ ಒಂದು ತಗಡಿಗೆ ಸಿಕ್ಕಿಸಿರೋದು), ಸ್ವಿಚ್ಚೆಲ್ಲಾ ಸೋಲ್ಡರ್ (ಬೆಸುಗೆ) ಮಾಡಿರೋದು, ಹಾಟ್‌ಸ್ವಾಪ್ ಅಲ್ಲ, ಅಂದ್ರೆ ಸುಮ್ನೆ ಎಳೆದು ತೆಗೆಯೋಕೆ ಆಗಲ್ಲ. ಪ್ರತಿ ಸ್ವಿಚ್ಚಿನ ತಲೆ ಮೇಲೆ ಒಂದೊಂದು ನೀಲಿ 3 ಎಂಎಂ ಎಲ್‌ಇಡಿ, ಕಾಲೆರಡು ಸ್ವಿಚ್ಚಿನೊಳಗಿಂದ ತೂರಿ ಪಿಸಿಬಿ (ಒಳಗಿನ ಸರ್ಕ್ಯೂಟ್ ಬೋರ್ಡು) ಹಿಂದೆ ಬರುತ್ತೆ, ಮಾಮೂಲಿ. ನಾಲ್ಕೈದು ವರ್ಷ ಆದ್ಮೇಲೆ ಒಂದೊಂದೇ ಮಂಕಾಗೋಕೆ ಶುರು ಆಯ್ತು, ಕೆಲವು ಪೂರ್ತಿ ಸತ್ತೋದ್ವು, ಕೆಲವು ಕೀ ಒತ್ತಿದ್ರೆ ಹತ್ತೋದು ಬಿಟ್ರೆ ಆರೋದು. ಸ್ವಿಚ್ ಮಾತ್ರ ಬೆಣ್ಣೆ ಥರ ಇದಾವೆ, ಬಿಸಾಕೋಕೆ ಮನಸ್ಸಿಲ್ಲ. ಜೊತೆಗೆ ರಾತ್ರಿ ಹೊತ್ತು ಆ ನೀಲಿ ಬೆಳಕು ಕಣ್ಣಿಗೆ ಚುಚ್ಚುತ್ತೆ. ಸರಿ, ಬದಲಾಯಿಸೋದಾದ್ರೆ ಎಲ್ಲಾ ಬದಲಾಯಿಸೋಣ, ವಾರ್ಮ್ ವೈಟ್ ಹಾಕೋಣ ಅಂತ ಇಳಿದೆ.

ರಿಪೇರಿ ಅಂಗಡೀಲಿ ಕೇಳಿದ್ದಕ್ಕೆ ಒಬ್ರು ಎರಡೂವರೆ ಸಾವಿರ ಅಂದ್ರು, ಗ್ಯಾರಂಟಿ ಇಲ್ಲ. ಇನ್ನೊಬ್ರು ಬೋರ್ಡ್ ತಿರುಗಿಸಿ ಕೂಡ ನೋಡ್ಲಿಲ್ಲ, ಹೊಸಾದು ತಗೊಳ್ಳಿ ಸಾರ್ ಅಂದ್ರು. ಗೊತ್ತಿರೋ ಕೀಬೋರ್ಡ್ ಹುಡುಗ್ರೆಲ್ಲಾ ಒಂದೇ ರಾಗ: ಡೀಸೋಲ್ಡರಿಂಗ್ ಗನ್ (ಸೋಲ್ಡರ್ ಕರಗಿಸಿ ಹೀರೋ ಮಿಷನ್) ಬೇಕು, ಅದಿಲ್ದೆ ಪ್ಯಾಡ್ (ಕಾಲು ಬೆಸೆದಿರೋ ತಾಮ್ರದ ಬಿಲ್ಲೆ) ಕಿತ್ತು ಬರುತ್ತೆ. ಗನ್ನಿಗೆ ಹತ್ತು ಹನ್ನೆರಡು ಸಾವಿರ ಸುರಿಯೋ ಬದ್ಲು ಎರಡು ಹೊಸ ಕೀಬೋರ್ಡ್ ಬರುತ್ತಲ್ಲ ಸ್ವಾಮಿ.

ಮೊದಲು ಏನೇನು ಕೈ ಕೊಡ್ತು ಅಂತ ಹೇಳ್ತೀನಿ, ಯಾಕಂದ್ರೆ ಸಮಯ ದುಡ್ಡು ಎರಡೂ ಹೋಗಿದ್ದು ಇಲ್ಲೇ.

ಸ್ಪ್ರಿಂಗ್ ಪಂಪು. ಕರಗಿದ ಸೋಲ್ಡರ್ ಹೀರೋದು, ಎಲ್ಲರ ಹತ್ರಾನೂ ಇರುತ್ತೆ, ನೂರೈವತ್ತು ರೂಪಾಯಿದು. ಫ್ಯಾಕ್ಟರಿಯೋರು ಲೆಡ್ (ಸೀಸ) ಇಲ್ಲದ ಸೋಲ್ಡರ್ ಹಾಕಿರ್ತಾರೆ, ಅದು ಕರಗೋಕೇ 217 ಡಿಗ್ರಿ ಮೇಲೆ ಬೇಕು, ನನ್ನ 25 ವ್ಯಾಟ್ ಐರನ್ ಅಲ್ಲಿ ಏದುಸಿರು ಬಿಡುತ್ತೆ. ಕರಗಿತು ಅಂತ ಪಂಪ್ ತರೋ ಅಷ್ಟರಲ್ಲಿ ಮತ್ತೆ ಗಟ್ಟಿ. ಬೇಗ ಆಗ್ಲಿ ಅಂತ ಮೂತಿನ ಪ್ಯಾಡಿಗೆ ಒತ್ತಿ ಹಿಡಿದು ಗುಂಡಿ ಒತ್ತಿದ್ರೆ ಅದರ ಒದೆತಕ್ಕೇ ಬಿಸಿಯಾಗಿರೋ ಪ್ಯಾಡ್ ಎದ್ದು ಬರುತ್ತೆ. ಬ್ಯಾಕ್‌ಸ್ಪೇಸ್ ಹತ್ರ ಎರಡು ಪ್ಯಾಡ್ ಹೀಗೇ ಹೋದ್ವು, ಎನಾಮಲ್ ವೈರಲ್ಲಿ ಜಂಪರ್ (ಬದಲಿ ತಂತಿ) ಎಳೆದಿದೀನಿ, ಈಗ್ಲೂ ಹಾಗೇ ಇದೆ, ಕೆಲಸ ಮಾಡ್ತಿದೆ.

ವಿಕ್ಕು, ಅಂದ್ರೆ ಸೋಲ್ಡರ್ ಹೀರೋ ತಾಮ್ರದ ಜಡೆ. ಅದು ಬಿಸಿಯನ್ನೆಲ್ಲಾ ತಾನೇ ಕುಡಿಯುತ್ತೆ, ಪ್ಯಾಡಿಗೆ ಮುಟ್ಟೋದೇ ಇಲ್ಲ. ಅರವತ್ತು ರೂಪಾಯಿ ವಿಕ್ಕಿನಲ್ಲಿ ಅರ್ಧ ಮುಗೀತು, ಹೊರಗೆ ಬಂದಿದ್ದು ಮೂರೋ ನಾಲ್ಕೋ ಎಲ್‌ಇಡಿ.

ಹಾಟ್ ಏರ್. ಒಂದು ಕಡೆ ಬಿಸಿಗಾಳಿ ಊದೋ ಸ್ಟೇಷನ್ ಇತ್ತು, ಸುಮ್ನೆ ಒಂದು ಮೂಲೇಲಿ ನೋಡಿದ್ವಿ. ಎಲ್‌ಇಡಿ ಏನೋ ಬಂತು, ಆದ್ರೆ ಪಕ್ಕದ ಸ್ವಿಚ್ಚಿನ ಪ್ಲಾಸ್ಟಿಕ್ ಮೆತ್ತಗಾಗಿ ಈಗ ಆ ಪಾಸ್ ಬ್ರೇಕ್ ಕೀ ಒತ್ತಿದ್ರೆ ಗರಗರ ಅನ್ನುತ್ತೆ. ಪುಣ್ಯಕ್ಕೆ ಆ ಕೀನ ಯಾರೂ ಒತ್ತಲ್ಲ. ಸ್ವಿಚ್ ಉಳೀಬೇಕು ಅನ್ನೋರು ಹಾಟ್ ಏರ್ ಮರೆತುಬಿಡಿ.

ತಲೆ ಕತ್ತರಿಸೋದು. ಇದು ನನಗೆ ಬುದ್ಧಿವಂತಿಕೆ ಅನ್ಸಿತ್ತು. ಮೇಲಿಂದ ನಿಪ್ಪರಲ್ಲಿ ಎಲ್‌ಇಡಿ ತಲೆ ಒಡೆದು ಕಾಲುಗಳನ್ನ ಒಂದೊಂದೇ ಕೀಳೋದು. ಮೇಲಿನ ಗುಮ್ಮಟ ಚೂರಾಗುತ್ತೆ, ತಳದಲ್ಲಿರೋ ಎಪಾಕ್ಸಿ ಮಾತ್ರ ಸ್ವಿಚ್ಚಿನ ಗೂಡಲ್ಲಿ ಗಟ್ಟಿಯಾಗಿ ಕೂತ್ಕೊಂಡು ಎರಡೂ ಕಾಲನ್ನ ಹಿಡ್ಕೊಂಡೇ ಇರುತ್ತೆ, ಆಮೇಲೆ ಹಿಡಿದೆಳೆಯೋಕೆ ತಲೇನೂ ಇರಲ್ಲ. ಚೂರು ಸ್ವಿಚ್ಚಿನೊಳಗೆ ಬಿದ್ರೆ ಅದಿನ್ನೊಂದು ರಾಮಾಯಣ.

ಕೊನೆಗೆ ಆಗಿದ್ದು ಏನು ಅಂದ್ರೆ, ತೆಗೆಯೋಕೆ ಇನ್ನಷ್ಟು ಸೋಲ್ಡರ್ ಹಾಕೋದು. ಹೌದು, ಹಾಕೋದು. ಇದನ್ನ ಹೇಳಿದಾಗ್ಲೇ ಎಲ್ಲರೂ ನಕ್ಕಿದ್ದು. ಎಲ್‌ಇಡಿ ಕಾಲುಗಳ ಮಧ್ಯೆ ಇರೋದು 2.54 ಎಂಎಂ ಅಷ್ಟೇ. ಎರಡೂ ಪ್ಯಾಡ್ ಮೇಲೆ ಸೇರಿಸಿ 60/40 (ಅರವತ್ತು ಭಾಗ ತವರ, ನಲವತ್ತು ಸೀಸ) ಲೆಡ್ ಸೋಲ್ಡರಿನ ಒಂದು ಗುಡ್ಡೆ ಮಾಡಿದ್ರೆ ಐರನ್ ಟಿಪ್ ಒಂದೇ ಆದ್ರೂ ಎರಡೂ ಕಾಲು ಒಟ್ಟಿಗೇ ಕರಗಿದ ಸೋಲ್ಡರಲ್ಲಿ ನಿಂತಿರುತ್ತೆ. ಹಳೇ ಸೋಲ್ಡರಿಗೆ ಲೆಡ್ ಬೆರೆತ ಮೇಲೆ 190ರ ಆಸುಪಾಸಲ್ಲೇ ಕರಗುತ್ತೆ, ಹಾಗಾಗಿ ಬಡಪಾಯಿ ಐರನ್ನಿಗೂ ಉಸಿರು ಬರುತ್ತೆ. ಆಗ ಮುಂದಿನಿಂದ ಟ್ವೀಜರಲ್ಲಿ ತಲೆ ಹಿಡಿದ್ರೆ ಎಲ್‌ಇಡಿ ಇಡಿಯಾಗಿ ಜಾರಿ ಬರುತ್ತೆ.

ಆದ್ರೆ ಇದಕ್ಕೂ ಮುಂಚೆ ಒಂದು ಕೆಲಸ ಇದೆ, ಜನ ಪ್ಯಾಡ್ ಕಿತ್ಕೊಳ್ಳೋದು ಇದನ್ನ ಬಿಟ್ಟಿದ್ದಕ್ಕೇ ಅಂತ ನನ್ನ ಲೆಕ್ಕ. ಫ್ಯಾಕ್ಟರೀಲಿ ಸೋಲ್ಡರ್ ಆಗೋವರೆಗೂ ಎಲ್‌ಇಡಿ ಬೀಳ್ದೆ ಇರ್ಲಿ ಅಂತ ಕಾಲುಗಳನ್ನ ಹಿಂದೆ ಸ್ವಲ್ಪ ಬಗ್ಗಿಸಿರ್ತಾರೆ. ಓರೆ ಬೆಳಕಲ್ಲಿ ಬೋರ್ಡ್ ಹಿಡಿದು ನೋಡಿ, ಸೋಲ್ಡರ್ ಗುಡ್ಡೆ ಒಂದು ಕಡೆ ವಾಲಿರುತ್ತೆ, ಅದರ ತುದೀಲಿ ಕಾಲಿನ ಕೊನೆ ಚುಕ್ಕಿ ಥರ ಕಾಣುತ್ತೆ. ಆ ಬಾಗಿದ ತುದಿ ಕೊಕ್ಕೆ ಹಾಕಿರುತ್ತೆ, ಮೇಲಿಂದ ಎಳೆದ್ರೆ ಪ್ಯಾಡನ್ನೂ ತೂತಿನೊಳಗಿನ ತಾಮ್ರದ ಕೊಳವೇನೂ ಜೊತೆಗೇ ಎಳ್ಕೊಂಡು ಬರುತ್ತೆ. ಚಪ್ಪಟೆ ಮೂತಿ ನಿಪ್ಪರ್ ತಗೊಂಡು ಆ ತುದಿನ ಬೋರ್ಡಿಗೆ ಸಮ ಮಾಡಿ ಕತ್ತರಿಸಿ. 174 ಕಾಲು. ಟಿವಿ ಮುಂದೆ ಕೂತು ಮಾಡೋ ಕೆಲಸ.

ಬೋರ್ಡನ್ನ ಮಲಗಿಸ್ಬೇಡಿ, ನಿಲ್ಲಿಸಿ. ನಾನು ಎರಡು ಇಟ್ಟಿಗೆಗೆ ಹಳೇ ಟವೆಲ್ ಸುತ್ತಿ ಮಧ್ಯೆ ನಿಲ್ಲಿಸಿದ್ದೆ. ಬಲಗೈಲಿ ಹಿಂದಿನಿಂದ ಐರನ್, ಎಡಗೈಲಿ ಮುಂದಿನಿಂದ ಟ್ವೀಜರ್. ಗುಡ್ಡೆ ಪೂರ್ತಿ ಕರಗಿದಾಗ ಅದರ ಮೈ ಒಮ್ಮೆ ಪಳಕ್ ಅಂತ ಹೊಳೆದು ನಡುಗುತ್ತೆ, ಅಲ್ಲಿಂದ ಒಂದು ಸೆಕೆಂಡ್ ಬಿಟ್ಟು ಎಳೀರಿ. ಎಳೀರಿ ಅನ್ನೋದೂ ತಪ್ಪು, ಬರೋಕೆ ಬಿಡಿ ಅಷ್ಟೇ. ಬರ್ಲಿಲ್ವಾ, ಇನ್ನೂ ಸ್ವಲ್ಪ ಸೋಲ್ಡರ್ ತುಂಬಿ. ಬಲ ಹಾಕಿದ್ರೆ ಕೆಟ್ರಿ. ಶುರೂಲಿ ಒಂದೊಂದಕ್ಕೆ ಎರಡು ಮೂರು ನಿಮಿಷ ಹಿಡೀತು, ಕೈ ಕೂತ ಮೇಲೆ ಅರ್ಧ ನಿಮಿಷ. ಒಂದು ಎಲ್‌ಇಡಿಯಿಂದ ಗುಡ್ಡೆ ಕೆರೆದು ಮುಂದಿನದಕ್ಕೆ ಹಾಕ್ಕೊಂಡು ಹೋದ್ರೆ ಸೋಲ್ಡರೂ ಉಳಿಯುತ್ತೆ. ಕಿಟಕಿ ತೆಗೆದಿಡಿ, ಹೊಗೆ ಜಾಸ್ತಿ, ಲೆಡ್ ಮುಟ್ಟಿದ ಕೈ ತೊಳೆದೇ ಕಾಫಿ ಲೋಟ ಹಿಡೀರಿ.

ಆಮೇಲೆ ತೂತು ಬಿಡಿಸೋದು. ಮೊದಲು ಕೆಲಸ ಮಾಡದ ವಿಕ್ಕು ಈಗ ಮಾಡುತ್ತೆ, ಒಳಗಿರೋದು ಹೆಚ್ಚುಕಮ್ಮಿ ಲೆಡ್ ಸೋಲ್ಡರೇ ಆಗಿರೋದ್ರಿಂದ. ಹಠ ಮಾಡೋ ತೂತಿಗೆ ಮೆಡಿಕಲ್ ಸ್ಟೋರಿನ ಸಿರಿಂಜ್ ಸೂಜಿ, ಸ್ಟೇನ್‌ಲೆಸ್ ಸ್ಟೀಲಿಗೆ ಸೋಲ್ಡರ್ ಅಂಟಲ್ಲ, ಬಿಸಿ ಮಾಡಿ ತೂರಿಸಿ ತಿರುಗಿಸಿದ್ರೆ ದುಂಡಗೆ ಚೊಕ್ಕ ತೂತು. ಹಲ್ಲುಕಡ್ಡೀನೂ ಆಗುತ್ತೆ. ಫ್ಲಕ್ಸ್ (ಸೋಲ್ಡರ್ ಸಲೀಸಾಗಿ ಹರಿಯೋಕೆ ಹಚ್ಚೋದು) ಮಾತ್ರ ನಂದೇ ಒಂದು ಕಲಬೆರಕೆ ಇದೆ, ಅರ್ಧ ಕೆಲಸ ಅದರದ್ದೇ, ಅದನ್ನ ಇಲ್ಲಿ ಬರೆಯಲ್ಲ. ಮಾಮೂಲಿ ರೋಸಿನ್ ಫ್ಲಕ್ಸಲ್ಲೂ ಆಗುತ್ತೆ, ಸ್ವಲ್ಪ ಜಾಸ್ತಿ ಸಹನೆ ಬೇಕು ಅಷ್ಟೇ.

ಎಲ್‌ಇಡಿ ಹುಡುಕಿದ್ದೇ ಒಂದು ಕಥೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ 3 ಎಂಎಂ ಎಲ್‌ಇಡಿ ಒಂದೂವರೆ ಎರಡು ರೂಪಾಯಿಗೆ ಒಂದು, ನೂರು ತಗೊಂಡ್ರೆ ಇನ್ನೂ ಕಮ್ಮಿ. ಆದ್ರೆ ಅವೆಲ್ಲಾ ಬುಡದಲ್ಲಿ ಕಾಲರ್ (ಉಬ್ಬಿದ ಅಂಚು) ಇರೋವು, ಸ್ವಿಚ್ಚಿನ ಗೂಡಿಗೆ ಇಳಿಯಲ್ಲ, ಮೇಲೆದ್ದು ನಿಂತು ಕೀಕ್ಯಾಪಿಗೆ ತಗಲುತ್ತೆ. ಅರದಲ್ಲಿ ಕಾಲರ್ ಉಜ್ಜಿ ನೋಡಿದೆ, ಹತ್ತಕ್ಕೇ ಬೆರಳು ಸೋತ್ವು. ಕಾಲರ್ ಇಲ್ಲದ್ದು ಕೇಳಿದ್ರೆ ಅಂಗಡಿಯೋರು ಮುಖ ನೋಡ್ತಾರೆ. ಒಂದೇ ಒಂದು ಅಂಗಡೀಲಿ ಸಿಕ್ತು, ಅದು ಯಾವುದು ಅಂತ ಹೇಳಿದ್ರೆ ನಾಳೆ ನನಗೇ ಸಿಗಲ್ಲ. ಅದೂ ಸ್ಟಾಕ್ ಇದ್ದಿದ್ದು ಅರ್ಧದಷ್ಟೇ, ಉಳಿದಿದ್ದು ಆನ್‌ಲೈನಲ್ಲಿ ನಾಲ್ಕೈದು ರೂಪಾಯಿಗೆ ಒಂದರಂತೆ ತರಿಸಿದೆ.

ಎರಡು ಕಡೆಯಿಂದ ತಂದ ವಾರ್ಮ್ ವೈಟ್ ಒಂದೇ ಬಣ್ಣ ಇರುತ್ತೆ ಅನ್ಕೊಂಡ್ರೆ ಮುಗೀತು ಕಥೆ. ಒಂದು ಲಾಟ್ ಹಸಿರು ಹೊಡೆಯುತ್ತೆ, ಇನ್ನೊಂದು ಗುಲಾಬಿ. ಬಿಡಿಯಾಗಿ ನೋಡಿದ್ರೆ ಗೊತ್ತೇ ಆಗಲ್ಲ, ಪಕ್ಕಪಕ್ಕ ಇಟ್ರೆ ಎದ್ದು ಕಾಣುತ್ತೆ. ಬ್ರೆಡ್‌ಬೋರ್ಡಲ್ಲಿ (ಸೋಲ್ಡರ್ ಇಲ್ದೆ ಸಿಕ್ಕಿಸೋ ಹಲಗೆ) ಒಂದೊಂದಕ್ಕೂ ಬೇರೆ ರೆಸಿಸ್ಟರ್ ಹಾಕಿ ಹತ್ಹತ್ತೇ ಹಚ್ಚಿ, ಮೇಲೆ ಬಿಳಿ ಹಾಳೆ ಮುಚ್ಚಿ ಬಣ್ಣ ನೋಡಿ ಬೇರೆ ಮಾಡಿದೆ. ಇನ್ನೂರರ ಹತ್ರ ತಂದಿದ್ದು, ಚೆನ್ನಾಗಿ ಹೊಂದಿದ್ದು ನೂರು ಚಿಲ್ಲರೆ. ಗುಲಾಬಿ ಹೊಡೆಯೋದೇ ಹೆಚ್ಚಿತ್ತು, ಅದನ್ನೇ ಹಾಕಿದೆ. ಮಿಕ್ಕಿದ ಹಸಿರುಗಳು ದೇವರ ಮನೆ ಸರಕ್ಕೆ ಹೋದ್ವು.

ಇನ್ನೊಂದು, ಕ್ಲಿಯರ್ ಲೆನ್ಸ್ ಬೇಡ, ಬೆಳಕು ನೆಟ್ಟಗೆ ಮೇಲೆ ಹೋಗಿ ಅಕ್ಷರದ ಮಧ್ಯೆ ಒಂದು ಬಿಳಿ ಚುಕ್ಕಿ ಬರುತ್ತೆ. ನಂದು ಕ್ಲಿಯರೇ ಆಗಿತ್ತು, 400 ನಂಬರ್ ಎಮರಿ ಪೇಪರಲ್ಲಿ ತಲೆ ಉಜ್ಜಿ ಮಂಜು ಮಾಡಿದೆ. ಮೊದಲೇ ಮಂಜಾಗಿರೋ ಡಿಫ್ಯೂಸ್ಡ್ ಸಿಕ್ಕಿದ್ರೆ ಈ ಕರ್ಮ ಇಲ್ಲ.

ಹಾಕೋದಕ್ಕೆ ಮುಂಚೆ ಪ್ಲಸ್ ಮೈನಸ್. ನನ್ನ ಬೋರ್ಡಲ್ಲಿ ಚೌಕ ಪ್ಯಾಡ್ ಮೈನಸ್ಸು, ನಿಮ್ದು ಉಲ್ಟಾ ಇರಬಹುದು. ಯುಎಸ್‌ಬಿ ಚುಚ್ಚಿಟ್ಟು, ಎಲ್‌ಇಡಿನ ಬರೀ ತೂರಿಸಿ ಸ್ವಲ್ಪ ಓರೆ ಮಾಡಿದ್ರೆ ಕಾಲು ತೂತಿನ ಗೋಡೆಗೆ ತಗಲಿ ಹತ್ತುತ್ತೆ. ಹತ್ತಿದ್ರೆ ಕೇಬಲ್ ಕಿತ್ತು ಸೋಲ್ಡರ್ ಮಾಡಿ. ಒಂದೊಂದು ಸಾಲಿಗೂ ಹೀಗೆ ನೋಡ್ಕೊಂಡೇ ಮುಂದೆ ಹೋದೆ. ಬಿಳಿ ಎಲ್‌ಇಡಿ ಬಿಸಿ ತಡೆಯಲ್ಲ, ಕಾಲ ಮೇಲೆ ಐರನ್ ಮೂರು ಸೆಕೆಂಡಿಗಿಂತ ಹೆಚ್ಚು ನಿಂತಿದ್ರಲ್ಲಿ ಒಂದೆರಡು ಆವತ್ತೇ ಸತ್ವು. ಎಲ್ಲಾ ತಲೆ ಒಂದೇ ಎತ್ತರಕ್ಕೆ ಕೂರಿಸೋಕೆ ನಾನೊಂದು ಚಿಕ್ಕ ಸಾಧನ ಮಾಡ್ಕೊಂಡಿದೀನಿ, ಅದೂ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಬಣ್ಣದ ವಿಚಾರದಲ್ಲಿ ಲೆಕ್ಕ ಹಾಕಿ. ನನಗೆ ಮೊದಲು ಆಸೆ ಇದ್ದಿದ್ದು ಹಳೇ ಬೀದಿದೀಪದ ಥರ ಆಂಬರ್. ಈ ಬೋರ್ಡಲ್ಲಿ ಎಲ್‌ಇಡಿಗೊಂದು 471 ರೆಸಿಸ್ಟರ್, ಅಂದ್ರೆ 470 ಓಮ್. ಯುಎಸ್‌ಬಿಯ 5 ವೋಲ್ಟಲ್ಲಿ ನೀಲಿ, ಬಿಳಿ ಎರಡೂ 3 ವೋಲ್ಟ್ ಆಸುಪಾಸು ತಿನ್ನುತ್ವೆ, ಹಾಗಾಗಿ 4 ಮಿಲಿಆಂಪ್ ಹರಿಯುತ್ತೆ. ಆಂಬರ್ ತಿನ್ನೋದು 2 ವೋಲ್ಟ್ ಅಷ್ಟೇ, ಉಳಿದಿದ್ದು ರೆಸಿಸ್ಟರ್ ಮೇಲೆ ಬಿದ್ದು 6 ದಾಟುತ್ತೆ. 87ಕ್ಕೂ ಹಾಕಿದ್ರೆ 500 ಮಿಲಿಆಂಪ್ ಮೀರುತ್ತೆ, ಯುಎಸ್‌ಬಿ 2 ಪೋರ್ಟ್ ಕೊಡೋದೇ ಅಷ್ಟು. ಆಂಬರ್ ಬೇಕಂದ್ರೆ ರೆಸಿಸ್ಟರ್‌ಗಳನ್ನೂ ಬದಲಾಯಿಸ್ಬೇಕು, ಬೋರ್ಡಿನ ಮೈಗೇ ಬೆಸೆದಿರೋ ಅಷ್ಟು ಚಿಕ್ಕ ಎಸ್‌ಎಂಡಿ 87 ಸಲ, ನಮಸ್ಕಾರ. ವಾರ್ಮ್ ವೈಟಿಗೆ ಬಂದಿದ್ದು ಇದಕ್ಕೇ. ಎಫ್ ಸಾಲಿಗೆ ಮಾತ್ರ ಚಪಲಕ್ಕೆ 1ಕೆ (1000 ಓಮ್) ರೆಸಿಸ್ಟರ್ ಹಾಕಿ ನೋಡಿದೆ, ಅರ್ಧ ಬೆಳಕಾಗಿ ತಣ್ಣಗಿದೆ, ಹಾಗೇ ಬಿಟ್ಟಿದೀನಿ. ಈಗ ಪೂರ್ತಿ ಬ್ರೈಟ್‌ನೆಸ್ಸಲ್ಲಿ ಯುಎಸ್‌ಬಿ ಮೀಟರ್ ಸುಮಾರು 0.35 ಆಂಪ್ ತೋರಿಸುತ್ತೆ.

ಗೆಳೆಯನ ಒಂದು ಅಗ್ಗದ ಬೋರ್ಡಲ್ಲಿ ಡಬ್ಲ್ಯೂಎಎಸ್‌ಡಿ (ಗೇಮಿಗೆ ಬಳಸೋ ನಾಲ್ಕು ಕೀ) ಮಾತ್ರ ಕೆಂಪು ಮಾಡೋಣ ಅಂತ ಹೋಗಿ ಒಂದು ತಮಾಷೆ ಆಯ್ತು. ಅದ್ರಲ್ಲಿ ಒಂದು ರೆಸಿಸ್ಟರಿಗೆ ನಾಲ್ಕಾರು ನೀಲಿ ಎಲ್‌ಇಡಿ ಪ್ಯಾರಲಲ್, ಅಂದ್ರೆ ಎಲ್ಲಕ್ಕೂ ಒಂದೇ ವೋಲ್ಟೇಜ್. ಕೆಂಪು ಹಾಕಿದ್ದೇ ತಡ ಆ ಗುಂಪಿನ ನೀಲಿಗಳೆಲ್ಲಾ ಆರಿದ್ವು, ಕೆಂಪು ಎರಡೇ ವೋಲ್ಟಲ್ಲಿ ಕರೆಂಟೆಲ್ಲಾ ನುಂಗಿದ ಮೇಲೆ ಮೂರು ಕೇಳೋ ನೀಲಿಗೆ ಏನು ಸಿಗ್ಬೇಕು. ಬಣ್ಣ ಬೆರೆಸೋ ಮುಂಚೆ ಹಿಂದಿನ ಟ್ರ್ಯಾಕ್ ನೋಡ್ಕೊಳ್ಳಿ.

ಕನ್ನಡ ಅಕ್ಷರಾನೂ ಹೊಳೀಲಿ ಅಂತ ಇನ್‌ಸ್ಕ್ರಿಪ್ಟ್ (ಒಂದು ಕನ್ನಡ ಕೀ ಲೇಔಟ್) ಸ್ಟಿಕ್ಕರ್ ಅಂಟಿಸಿ ನೋಡಿದೆ. ಕಪ್ಪು ಸ್ಟಿಕ್ಕರ್ ಬೆಳಕನ್ನೇ ಮುಚ್ಚುತ್ತೆ. ಒಂದು ಕೀಕ್ಯಾಪಿಗೆ ಕಪ್ಪು ಬಣ್ಣ ಹೊಡೆದು ಸೂಜೀಲಿ ಕ ಕೆತ್ತಿದೆ, ಚೆನ್ನಾಗೇ ಬಂತು, ಆದ್ರೆ ಎಲ್‌ಇಡಿ ಇರೋದು ಸ್ವಿಚ್ಚಿನ ಮೇಲ್ಭಾಗದಲ್ಲಿ, ಕೆಳಗಿನ ಮೂಲೇಲಿರೋ ಅಕ್ಷರಕ್ಕೆ ಬೆಳಕು ತಲುಪೋದೇ ಇಲ್ಲ. ನಾನು ಟೈಪ್ ಮಾಡೋದು ನುಡಿ ಲೇಔಟಲ್ಲಿ, ಕೆ ಒತ್ತಿದ್ರೆ ಕ ಬರುತ್ತೆ, ಹಾಗಾಗಿ ಅಲ್ಲಿಗೇ ಕೈ ಬಿಟ್ಟೆ.

ಖರ್ಚು ಹೇಳ್ಬೇಕಂದ್ರೆ ಎಲ್‌ಇಡಿಗೆ ಐನೂರರ ಹತ್ರ, ಸೋಲ್ಡರ್ ವಿಕ್ಕು ಸೂಜಿ ಐಪಿಎ (ತೊಳೆಯೋ ಸ್ಪಿರಿಟ್) ಎಲ್ಲಾ ಸೇರಿ ಇನ್ನೊಂದು ಮುನ್ನೂರೈವತ್ತು, ನಾನೂರು. ಐರನ್ ಹಳೇದು, ತಗೊಂಡಾಗ ಇನ್ನೂರೈವತ್ತೋ ಏನೋ. ಸಂಜೆಗಳು ಎಷ್ಟು ಹೋದ್ವು ಅಂತ ಮನೇಲಿ ಕೇಳ್ಬೇಡಿ. ಮುಗಿಸಿ ಏಳೆಂಟು ತಿಂಗಳಾಯ್ತು, ಒಂದೂ ಆರಿಲ್ಲ, ಸ್ಪೇಸ್‌ಬಾರ್ ಕೆಳಗಿನದು ಮಾತ್ರ ಸ್ವಲ್ಪ ಹಳದಿ ಅನ್ಸುತ್ತೆ, ಅದು ಬೇರೆ ಲಾಟಿನದು.

ಎಸ್‌ಕೆ6812 ಥರದ, ಬಣ್ಣ ಬದಲಾಯಿಸೋ ಆರ್‌ಜಿಬಿ ಎಸ್‌ಎಂಡಿ ಎಲ್‌ಇಡಿ ಇರೋ ಬೋರ್ಡಿಗೆ ಇದೇ ವಿಧಾನ ನಡೆಯಲ್ಲ, ನಾಲ್ಕು ಕಾಲು, ಬಿಸಿಗೆ ಇನ್ನೂ ಸೂಕ್ಷ್ಮ, ಮೇಲಾಗಿ ಡೇಟಾ ಒಂದರಿಂದ ಇನ್ನೊಂದಕ್ಕೆ ಹೋಗೋದ್ರಿಂದ ಮಧ್ಯದಲ್ಲಿ ಒಂದು ಕೆಟ್ರೆ ಅದರ ನಂತರದವು ಮಾತು ಕೇಳಲ್ಲ. ಅಂಥದೊಂದು ಸತ್ತ ಬೋರ್ಡ್ ಮೇಜಿನ ಮೇಲಿದೆ, ಇನ್ನೂ ಬಿಚ್ಚಿಲ್ಲ. ನಂದರ ಥರ ಕಾಲು ತೂತಿನಿಂದ ತೂರಿರೋ ಥ್ರೂಹೋಲ್ ಬೋರ್ಡ್ ಇದ್ದು, ಮಾಡೋ ಪುರುಸೊತ್ತಿಲ್ಲ ಅನ್ನೋರು ನನಗೇ ತಂದ್ಕೊಡಿ, ಸಾವಿರದೈನೂರು, ಎಲ್‌ಇಡಿ ನಿಮ್ದೇ, ಅದೂ ಕಾಲರ್ ಇಲ್ಲದ್ದು.